ಉಪ್ಪಿನ ಬಾಜು ಇಟ್ಟ ಡಬ್ಬಿ

ನಾನು ಮನೆಯಲ್ಲಿ ಸಾಬೂನು ಮಾಡುತ್ತೇನೆ. ಮಾರುವುದಿಲ್ಲ. ಈ ಎರಡು ಮಾತನ್ನು ಒಟ್ಟಿಗೆ ಹೇಳಿದರೆ ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ. ಅಣ್ಣಿಗೇರಿಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಕೇಳುತ್ತಾರೆ:

"ಮಾರಂಗಿಲ್ಲಂದ್ರ ಮತ್ತ ಯಾಕ ಮಾಡ್ತೀರಿ?"

"ಮಾಡಬೇಕು ಅನಸ್ತೈತ್ರಿ, ಅದಕ."

"ಅಷ್ಟ?"

"ಅಷ್ಟರಿ."

ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಲೇಬಲ್ ಅಂಟಿಸಿ ಕೊಡುತ್ತೇವೆ ಎಂದರು. ಕಾಲೇಜಿನ ಸಹೋದ್ಯೋಗಿಯೊಬ್ಬರು, ಅಜ್ಜಿಯಿಂದ ಕಲಿತದ್ದು ಅಂತ ಬರೆಸಿ, ಜನ ಮುಗಿಬೀಳುತ್ತಾರೆ ಎಂದರು. ನಮ್ಮಜ್ಜಿ ಸಾಬೂನು ಮಾಡಿದವಳಲ್ಲ. ಕಡಲೆಹಿಟ್ಟು ಹಚ್ಚಿಕೊಂಡು ಸ್ನಾನ ಮಾಡಿದಳು, ಹಳ್ಳದ ಸವಳು ಮಣ್ಣಿನಲ್ಲಿ ಬಟ್ಟೆ ಒಗೆದಳು. ನಾನು ಕಲಿತದ್ದು ಮೊಬೈಲಿನಲ್ಲಿ, ಯಾವುದೋ ದೇಶದ ಹೆಂಗಸಿನ ವಿಡಿಯೋ ನೋಡಿ. ಹಾಗೆಂದೇ ಹೇಳುತ್ತೇನೆ. ಇತಿಹಾಸ ಓದಿದವಳು ನಾನು, ಅದನ್ನೇ ಕಲಿಸುವವಳು. ಯಾರಾದರೂ ಏನಾದರೂ ಹೇಳಿದರೆ ಆಧಾರ ಎಲ್ಲಿದೆ ಎಂದು ಕೇಳಿರಿ ಅಂತ ಪ್ರತಿ ವರ್ಷ ಹುಡುಗಿಯರಿಗೆ ಹೇಳುತ್ತ ಬಂದಿದ್ದೇನೆ. ಆ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳುವುದಕ್ಕೆ ಮೂರು ವರ್ಷ ಬೇಕಾಯಿತು. ಇಲ್ಲಿ ಬರೆಯಹೊರಟದ್ದು ಅದನ್ನೇ.

ಮೊದಲ ಸಾಬೂನು ಕೆಟ್ಟಿತು. ವಿಡಿಯೋದವಳು ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆ ಅಂದಳು. ನಮ್ಮ ಎರೆಮಣ್ಣಿನಲ್ಲಿ ಅವೆರಡೂ ಬೆಳೆಯುವುದಿಲ್ಲ, ಬೆಳೆಯುವುದು ಕುಸುಬಿ. ನಮ್ಮೂರ ಸಾಬೂನು ನಮ್ಮೂರ ಎಣ್ಣೆಯಲ್ಲೇ ಆಗಬೇಕು ಎಂದು ಹಟ ಹಿಡಿದೆ. ಎಣ್ಣೆ ಗಿರಣಿಯ ಕಾಕಾ ನನ್ನ ಕ್ಯಾನು ತುಂಬುತ್ತ, "ಮೇಡಂ, ಕುಸುಬಿ ಎಣ್ಣಿ ಬದನಿಕಾಯಿಗೆ ಹುಟ್ಟಿದ್ದರಿ. ಅದನ್ನ ಮೈಗೆ ತಿಕ್ಕೊಂಡು ತೊಳದ್ರ ಬದನಿಕಾಯಿ ಸಿಟ್ಟಾಗ್ತಾವ," ಎಂದು ನಕ್ಕ. ಬದನೆಕಾಯಿ ಸಿಟ್ಟಾದವೋ ಏನೋ, ಬರೀ ಕುಸುಬಿಯ ಸಾಬೂನು ಗಟ್ಟಿಯಾಗಲೇ ಇಲ್ಲ. ಎರಡು ತಿಂಗಳಾದರೂ ಬೆರಳಿಟ್ಟರೆ ಒಳಗೆ ಇಳಿಯುತ್ತಿತ್ತು. ಆಮೇಲೆ ಹಳದಿ ಚುಕ್ಕಿ ಬಿದ್ದು, ಹಳೆಯ ಕರಿದ ಎಣ್ಣೆಯ ಕಮಟು ವಾಸನೆ ಬಂತು.

ಅತ್ತೆ ಬಂದು ನೋಡಿದರು. "ಇದೇನ, ಸಾಬಾಣೋ ಶಿರಾನೋ? ದ್ರಾಕ್ಷಿ ಗೋಡಂಬಿ ಹಾಕೂದು ಮರತೀ ನೋಡು."

ಕೊನೆಗೆ ಕೊಬ್ಬರಿ ಎಣ್ಣೆಗೆ, ಸ್ವಲ್ಪ ಹರಳೆಣ್ಣೆಗೆ ಶರಣಾದೆ. ಕುಸುಬಿಯನ್ನು ಪೂರ್ತಿ ಬಿಡಲಿಲ್ಲ, ಈಗಲೂ ಒಂದು ಪಾಲು ಹಾಕುತ್ತೇನೆ. ಎಣ್ಣೆಯ ಜೊತೆ ಬೇಕಾದ ಇನ್ನೊಂದು ವಸ್ತು ಕಾಸ್ಟಿಕ್ ಸೋಡಾ. ಹುಬ್ಬಳ್ಳಿಯಿಂದ ತರುತ್ತೇನೆ. ಸಣ್ಣ ಸಾಬೂದಾಣಿಯಂಥ ಬಿಳಿ ಕಾಳು. ನೀರಿಗೆ ಬಿದ್ದರೆ ನೀರು ಕೊತಕೊತ ಕಾಯುತ್ತದೆ, ಮೂಗಿಗೆ ಅಡರುವ ಹಬೆ ಏಳುತ್ತದೆ, ಚರ್ಮಕ್ಕೆ ತಾಗಿದರೆ ಸುಡುತ್ತದೆ. ಜರ್ಮನ್, ಅಂದರೆ ಅಲ್ಯುಮಿನಿಯಂ ಪಾತ್ರೆಯಲ್ಲಿ ಒಮ್ಮೆ ಕಲಸಿದಾಗ ಪಾತ್ರೆಯೇ ಕಪ್ಪಗೆ ನೊರೆಯುಕ್ಕಿ ತೂತು ಬಿದ್ದಿತ್ತು. ಆದರೆ ಅದಿಲ್ಲದೆ ಸಾಬೂನಿಲ್ಲ. ಹೀಗಾಗಿ ಕೈಗವಸು ಹಾಕಿಕೊಂಡು ಹಿತ್ತಲಿನ ಬಚ್ಚಲ ಕಟ್ಟೆಯ ಮೇಲೆ ಈ ಕೆಲಸ. ಎಣ್ಣೆಗೆ ಆ ನೀರು ಬೆರೆಸಿ ಕಡೆಯುತ್ತ ಹೋದಂತೆ ಒಂದು ಗಳಿಗೆಯಲ್ಲಿ ಅದು ಮಜ್ಜಿಗೆಯಂತಿದ್ದದ್ದು ಗಟ್ಟಿ ಮೊಸರಿನಂತಾಗುತ್ತದೆ. ಕೋಲು ಎಳೆದ ಗೆರೆ ಮೇಲೆ ಹಾಗೇ ನಿಲ್ಲುತ್ತದೆ. ಆ ಗೆರೆ ನೋಡುವುದಕ್ಕಾಗಿಯೇ ನಾನು ಸಾಬೂನು ಮಾಡುವುದು ಎಂದರೂ ಸುಳ್ಳಲ್ಲ.

ಈಗ ಮೂರು ವರ್ಷದ ಹಿಂದಿನ ಒಂದು ದಿನದ ಮಾತು.

ಬೇಸಿಗೆ. ಹಪ್ಪಳದ ಕಾಲ. ನಮ್ಮ ಓಣಿಯಲ್ಲಿ ಯಾರ ಮನೆಯ ಹಪ್ಪಳವಾದರೂ ಹಿಟ್ಟಿನ ಹದಕ್ಕೆ ಅತ್ತೆಯೇ ಬೇಕಿತ್ತು. ಉದ್ದಿನ ಹಿಟ್ಟಿಗೆ ಪಾಪಡಖಾರ ಎಂಬ ಕ್ಷಾರ ಹಾಕುತ್ತಾರೆ, ಕರಿದಾಗ ಹಪ್ಪಳ ಅರಳಲಿ ಎಂದು. ಅದೂ ಬಿಳಿಯದೇ, ಆದರೆ ಪುಡಿ. ಕಡಿಮೆಯಾದರೆ ಹಪ್ಪಳ ಅರಳುವುದಿಲ್ಲ, ಹೆಚ್ಚಾದರೆ ಕೆಂಪಾಗಿ ಗಂಟಲು ಕೆರೆಯುತ್ತದೆ. ಅತ್ತೆಗೆ ತಕ್ಕಡಿ ಚಮಚೆ ಯಾವುದೂ ಬೇಡ. ಬಟ್ಟಲಲ್ಲಿ ನೀರು ಹಾಕಿ, ಖಾರ ಉದುರಿಸಿ, ಅಂಗೈಯಲ್ಲಿ ಬಟ್ಟಲನ್ನು ತಿರುಗಿಸುತ್ತ ಕರಗಿಸಿ, ಕಿರುಬೆರಳು ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿಕೊಳ್ಳುವರು. "ಆತು" ಎಂದರೆ ಆಯಿತು. ಓಣಿಯವರು ಆ ನಾಲಿಗೆಯನ್ನು ನಂಬಿದಷ್ಟು ಇನ್ನೇನನ್ನೂ ನಂಬುತ್ತಿರಲಿಲ್ಲ.

ಆ ದಿನ ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಸ್ಟೀಲಿನ ಡಬ್ಬಿಯಿಂದ ಬಿಳಿ ಕಾಳು ತೆಗೆದು ನೀರಿಗೆ ಹಾಕಿದರು. ನಾನು ಹುಬ್ಬಳ್ಳಿಯಿಂದ ಹೊಸ ನಮೂನೆಯ ಪಾಪಡಖಾರ ತಂದಿದ್ದೇನೆ ಅಂದುಕೊಂಡರಂತೆ. ಬಟ್ಟಲು ತಿರುಗಿಸಿದರು. ಬೆರಳು ಅದ್ದಬೇಕು, ಅಷ್ಟರಲ್ಲಿ ಅಂಗೈ ಬಿಸಿಯಾಯಿತು.

"ಖಾರ ಬಿಸಿ ಆಗಂಗಿಲ್ಲ!" ಎಂದು ಕೂಗಿ ಬಟ್ಟಲನ್ನು ಮೋರಿಗೆ ಎಸೆದರು. ಎರಡು ಹನಿ ಮಣಿಕಟ್ಟಿಗೆ ಸಿಡಿಯಿತು. ನಾನು ಓಡಿಬಂದು ಕೊಡದ ನೀರೆಲ್ಲ ಸುರಿದೆ. ಬೇಳೆಕಾಳಿನಷ್ಟು ದೊಡ್ಡ ಎರಡು ಕೆಂಪು ಗುರುತು ಉಳಿದವು. ಇನ್ನೊಂದು ಗಳಿಗೆ ಅವರ ಅಂಗೈ ಸುಮ್ಮನಿದ್ದಿದ್ದರೆ ಆ ನಾಲಿಗೆ ಏನಾಗುತ್ತಿತ್ತು ಎಂದು ನಾನು ಇಂದಿಗೂ ಪೂರ್ತಿ ಯೋಚಿಸಲಾರೆ.

ಗದ್ದಲ ಕೇಳಿ ಹೊಲದಿಂದ ಆಗಷ್ಟೇ ಬಂದ ನನ್ನ ಗಂಡ ಒಳಗೆ ಬಂದರು. ಡಬ್ಬಿ ನೋಡಿದರು, ತಾಯಿಯ ಕೈ ನೋಡಿದರು.

"ಇದನ್ನ ಈಗಿಂದೀಗ ಒಗದ್ ಬಾ. ಸಾಕು ಈ ಆಟ."

"ಒಗೆಯಂಗಿಲ್ಲ," ಎಂದೆ.

"ನಾಳೆ ಮತ್ತ ಹಿಂಗಾದ್ರ?"

"ಹೆಂಗ ಆಗ್ತೈತಿ? ನಾ ಹಿತ್ತಲದಾಗ ಇಟ್ಟಿದ್ದೆ. ಅತ್ತಿ ಒಳಗ ತಂದ್ರ ನಾ ಏನ್ ಮಾಡ್ಲಿ?"

ಇದನ್ನು ನಾನು ಸುಳ್ಳು ಎಂದು ತಿಳಿದು ಹೇಳಲಿಲ್ಲ. ನನ್ನ ಕಣ್ಣಿಗೆ ಕಟ್ಟಿದಂತಿತ್ತು: ಹಿತ್ತಲ ಗೂಡಿನಲ್ಲಿ ಡಬ್ಬಿ, ಅದರ ಮೇಲೊಂದು ಕಲ್ಲು. ಕಲ್ಲಿನ ಬಣ್ಣ ಕೂಡ ನೆನಪಿತ್ತು. ಅತ್ತೆ ಒದ್ದೆ ಕೈಯನ್ನು ಸೆರಗಿನಲ್ಲಿ ಹಿಡಿದುಕೊಂಡು ನನ್ನತ್ತ ನೋಡಿದರು.

"ನಾ ತಂದ್ನೇನ?"

ನನ್ನ ಗಂಡ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು.

"ತಂದಿರಬೇಕು ಬಿಡು," ಎಂದರು. "ಈಗೀಗ ನೆನಪ ಹಾರತೈತಿ."

ಸಾಬೂನು ಉಳಿಯಿತು. ಡಬ್ಬಿಗೆ ಕೀಲಿ ಬಿತ್ತು, ನನ್ನ ಮಾತು ಗೆದ್ದಿತು. ಗೆದ್ದ ಮಾತನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. "ನಮ್ಮತ್ತಿ ಓಣಿಗೆಲ್ಲ ಸಾಬಾಣದ ಹಪ್ಪಳ ತಿನ್ನಸ್ತಿದ್ರು" ಎಂದರೆ ಎಲ್ಲರೂ ನಗುತ್ತಿದ್ದರು. ಓಣಿಯೂ ನಕ್ಕಿತು. ಅತ್ತೆಯ ಎದುರಿಗೇ ಹೇಳಿದ್ದೇನೆ. ಅವರೂ ನಕ್ಕಿದ್ದಾರೆ. ಹೇಳುತ್ತ ಹೇಳುತ್ತ ಅವರಿಗೂ ತಾವು ಹಿತ್ತಲಿಗೆ ಹೋದದ್ದು, ಕಲ್ಲು ಎತ್ತಿಟ್ಟದ್ದು ಎಲ್ಲ ನೆನಪಿಗೆ ಬಂದುಬಿಟ್ಟಿತು. "ಹೌದ, ಕಲ್ಲ ಭಾಳ ಒಜ್ಜಿ ಇತ್ತು," ಎಂದು ಒಂದು ಸಲ ತಾವೇ ಸೇರಿಸಿದರು.

ಮರುವರ್ಷ ಹಪ್ಪಳದ ದಿನ ಅತ್ತೆ ಖಾರದ ಬಟ್ಟಲನ್ನು ಬಾಜೂ ಮನೆಯ ವೈನಿಯ ಕೈಗೆ ಕೊಟ್ಟರು. "ನೀನ ಕಲಸವಾ. ನನ್ನ ತಲಿ ಮ್ಯಾಲೆ ನನಗ ನಂಬಿಕಿ ಇಲ್ಲ." ಹಪ್ಪಳ ಕೆಂಪಗಾದವು. ಅತ್ತೆ ಮೂಲೆಯಲ್ಲಿ ಕೂತು ಉಂಡೆ ಕಟ್ಟಿಕೊಟ್ಟರು. ಗ್ಯಾಸ್ ಬಂದ್ ಮಾಡಿದ್ನೇನ ಎಂದು ದಿನಕ್ಕೆ ಮೂರು ನಾಲ್ಕು ಸಲ ಕೇಳತೊಡಗಿದರು. ಯಾವಾಗಲೂ ಬಂದ್ ಆಗಿಯೇ ಇರುತ್ತಿತ್ತು. ವಯಸ್ಸಾಯಿತು ಎಂದು ನಾವೆಲ್ಲ ಅಂದುಕೊಂಡೆವು. ನಾನಂತೂ ಎಲ್ಲರಿಗಿಂತ ಮುಂಚೆ ಅಂದುಕೊಂಡೆ.

ಈ ವರ್ಷ ಯುಗಾದಿಯ ಆಸುಪಾಸಿನಲ್ಲಿ ಒಂದು ಹಳೆಯ ಸಾಬೂನಿನ ಎಣ್ಣೆಯ ಪ್ರಮಾಣ ಬೇಕಾಗಿ ಡೈರಿ ತಿರುವಿದೆ. ಸಾಬೂನು ಮಾಡಿದ ದಿನವೆಲ್ಲ ಏನು ಎಷ್ಟು ಹಾಕಿದೆ, ಹವೆ ಹೇಗಿತ್ತು ಎಂದು ಬರೆದಿಡುವ ಅಭ್ಯಾಸ ನನಗೆ. ಆ ಹಪ್ಪಳದ ಹಿಂದಿನ ದಿನದ ಪುಟದಲ್ಲಿ ನನ್ನದೇ ಅಕ್ಷರ: "ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಸೀಳಿದೆ. ಮೋಡ ಆಗಿದೆ, ಕಾಸ್ಟಿಕ್ ತೇವ ಎಳೆದುಕೊಳ್ಳುತ್ತದೆ. ಸ್ಟೀಲ್ ಡಬ್ಬಿಗೆ ಹಾಕಿ ಒಳಗೆ ಇಟ್ಟೆ, ಉಪ್ಪಿನ ಬಾಜು."

ಮೊದಲು ನಾನು ಮಾಡಿದ್ದೇನು? ತಪ್ಪಿಸಿಕೊಳ್ಳುವ ದಾರಿ ಹುಡುಕಿದ್ದು. ಒಳಗೆ ಎಂದರೆ ಪಡಸಾಲೆಯೂ ಆಗಬಹುದು ಎಂದು ವಾದಿಸಿದೆ. ಆದರೆ ನಮ್ಮ ಮನೆಯಲ್ಲಿ ಉಪ್ಪು ಇರುವುದು ಒಂದೇ ಕಡೆ, ಅಡುಗೆಮನೆಯ ಕೆಳಗಿನ ಹಲಗೆಯ ಮೇಲೆ. ಅದರ ಪಕ್ಕದಲ್ಲೇ ಅತ್ತೆಯ ಪಾಪಡಖಾರ ಇರುತ್ತಿತ್ತು. ಹಾಗಾದರೆ ಆ ಕಲ್ಲು? ಅದು ಡಬ್ಬಿ ಒಳಗೆ ಬರುವ ಮುಂಚಿನ ಯಾವುದೋ ದಿನದ್ದಿರಬೇಕು. ಅಥವಾ ನಾನೇ ಕಟ್ಟಿಕೊಂಡದ್ದು. ನನಗೆ ನಿಜವಾಗಿ ಗೊತ್ತಿಲ್ಲ. ಡಬ್ಬಿಯನ್ನು ಹಲಗೆಯ ಮೇಲೆ ಇಟ್ಟದ್ದು ಈಗಲೂ ನನಗೆ ನೆನಪಿಲ್ಲ. ನೆನಪಿರುವುದು ಕಲ್ಲು ಮಾತ್ರ. ಬರೆದದ್ದು ಎದುರಿಗಿದ್ದರೂ ನೆನಪು ನಾಚಿಕೆಯಿಲ್ಲದೆ ತನ್ನದನ್ನೇ ಹೇಳುತ್ತದೆ.

ಎಂಟು ದಿನ ಸುಮ್ಮನಿದ್ದೆ. ಇದನ್ನೂ ಬರೆಯಬೇಕು. ಹೇಳಿದರೆ ಏನಾಗುತ್ತದೆ ಎಂದು ಗೊತ್ತಿತ್ತು. ಮೂರು ವರ್ಷದ ಹಿಂದೆ ನಾನು ಗೆದ್ದದ್ದು ಅತ್ತೆಯ ಹೆಗಲ ಮೇಲೆ ತಪ್ಪು ಹೊರಿಸಿ. ತಪ್ಪು ನನ್ನದೆಂದರೆ ಆ ದಿನದ ಆಜ್ಞೆ ಮತ್ತೆ ಜೀವ ಹಿಡಿಯುತ್ತದೆ: ಒಗದ್ ಬಾ. ಯಾರಿಗೂ ಬೇಡದ, ಯಾರೂ ಹೇಳದ, ನನಗೆ ಬೇಕೆಂದು ನಾನು ಮಾಡುವ ಒಂದೇ ಕೆಲಸ ಹೋಗುತ್ತದೆ. ಹೇಳದಿದ್ದರೆ? ಒಬ್ಬ ಹೆಣ್ಣುಮಗಳು ತನ್ನ ತಲೆ ಕೆಟ್ಟಿದೆ ಎಂದು ನಂಬಿಕೊಂಡೇ ಉಳಿಯುತ್ತಾಳೆ. ಎಂಟನೆಯ ದಿನ ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಅತ್ತೆ ಕೇಳಿದರು, "ಏನವಾ, ನಾ ಮಧ್ಯಾಹ್ನ ಉಂಡ್ನೇನ?" ಅವರ ಪಕ್ಕದಲ್ಲಿ ತೊಳೆದಿಟ್ಟ ತಟ್ಟೆ ಇನ್ನೂ ಒದ್ದೆಯಾಗಿತ್ತು.

ಓಣಿಯಲ್ಲೆಲ್ಲ ಹೇಳಿದ ಮಾತನ್ನು ಓಣಿಯ ಎದುರಿಗೇ ತಿದ್ದಬೇಕು. ಹಪ್ಪಳದ ದಿನಕ್ಕೆ ಕಾದೆ.

ಅಂಗಳದಲ್ಲಿ ಐದು ಮಂದಿ ಹೆಂಗಸರು ಮಣೆ ಲಟ್ಟಣಿಗೆ ಇಟ್ಟುಕೊಂಡು ಕೂತಿದ್ದರು. ವೈನಿ ಖಾರದ ಬಟ್ಟಲು ಹಿಡಿದಿದ್ದಳು. ಎದುರು ಮನೆಯ ಚಾಚಿ ಹಿಟ್ಟಿಗೆ ಎಣ್ಣೆ ಸವರುತ್ತಿದ್ದಳು. ಗಂಡ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಡೈರಿ ತಂದು, ನಿಂತುಕೊಂಡು, ಆ ಸಾಲುಗಳನ್ನು ಓದಿದೆ.

"ಅಂದ್ರ?" ಎಂದಳು ವೈನಿ.

"ಅಂದ್ರ ಡಬ್ಬಿ ಅತ್ತಿ ತಂದಿದ್ದಲ್ಲ. ನಾನ ಇಟ್ಟಿದ್ದೆ. ಮೂರು ವರ್ಷ ಸುಳ್ಳ ಹೇಳೀನಿ."

ಚಾಚಿ ಲಟ್ಟಣಿಗೆ ಎತ್ತಿ ನನ್ನತ್ತ ತೋರಿಸಿದಳು. "ಯಾ ಅಲ್ಲಾ! ಇಷ್ಟ ಕಲತು ಮುದುಕಿ ಮ್ಯಾಲೆ ಹಾಕಿದೇನ? ನಮ್ಮಂಥಾ ಕಲೀದವ್ರ ಬರಕೊಂಡೂ ಇಡಂಗಿಲ್ಲ, ಸಿಕ್ಕೂ ಬೀಳಂಗಿಲ್ಲ ನೋಡು!"

ನಕ್ಕರು. ಗಂಡ ನಗಲಿಲ್ಲ. ಕಪ್ಪು ಕೆಳಗಿಟ್ಟರು. "ಹಂಗಾದ್ರ ಆತಲ್ಲ. ಬಂದ್ ಮಾಡು ಇನ್ನ."

"ತಪ್ಪ ನಂದು, ಸಾಬಾಣದ್ದಲ್ಲ. ಬಂದ್ ಮಾಡಂಗಿಲ್ಲ," ಎಂದೆ. ದನಿ ನಡುಗಿತೋ ಇಲ್ಲವೋ ಈಗ ಹೇಳಲಾರೆ. ನಡುಗಲಿಲ್ಲ ಎಂದು ಬರೆಯಲು ಆಸೆಯಾಗುತ್ತಿದೆ.

ಅತ್ತೆ ಕೈಯಲ್ಲಿದ್ದ ಉಂಡೆ ಕೆಳಗಿಟ್ಟರು. "ಇನ್ನೊಮ್ಮೆ ಓದು."

ಓದಿದೆ.

"ಉಪ್ಪಿನ ಬಾಜು ಅಂತ ಬರದೈತಿ?"

"ಬರದೈತ್ರಿ."

"ಮತ್ತೊಮ್ಮೆ ಓದು."

ಮೂರನೆಯ ಸಲ ಓದಿದ ಮೇಲೆ ಅವರ ಮುಖ ಕೆಂಪೇರಿತು. "ಮೂರ ವರ್ಷ! ಇಲ್ಲದ ಕಲ್ಲ ಎತ್ತಿಸಿದೆಲ್ಲ ನನ್ನ ಕೈಲೆ! ಹುಚ್ಚಿ ಆಗೀನಿ ಅಂತ ದೇವರ ಮುಂದ ಕುಂತ ಅತ್ತೀನಿ ನಾನು. ಗೊತ್ತೇನ ನಿನಗ?"

ಗೊತ್ತಿರಲಿಲ್ಲ. ಕ್ಷಮೆ ಕೇಳಿದೆನೇ? ಡೈರಿಯಲ್ಲಿ ಕೇಳಿದೆ ಎಂದಿದೆ. ಅದೂ ಆಮೇಲೆ ಬರೆದದ್ದು, ಆದ್ದರಿಂದ ಆ ಸಾಲಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ.

ಅತ್ತೆ ಮೂಲೆಯಿಂದ ಎದ್ದು ಬಂದು ವೈನಿಯ ಎದುರು ಕೂತರು. "ಬಟ್ಟಲ ಇತ್ಲಾಗ ಕೊಡು." ಕಿರುಬೆರಳು ಅದ್ದಿದರು, ನಾಲಿಗೆಗೆ ಮುಟ್ಟಿಸಿದರು, ಥೂ ಎಂದು ಉಗುಳಿದರು. "ಎರಡ ವರ್ಷ ಇದನ್ನ ತಿನ್ನಿಸಿದಿ ನಮಗ? ಬಾಯಿ ಸುಟ್ಟ ಹೋಗ್ತೈತಿ. ನೀರ ತಾ." ವೈನಿ ಮುಖ ಊದಿಸಿಕೊಂಡೇ ನೀರು ತಂದಳು.

ಮಧ್ಯಾಹ್ನದವರೆಗೆ ಅತ್ತೆ ಎಲ್ಲರಿಗೂ ಹುಕುಂ ಕೊಟ್ಟರು, ನನ್ನೊಬ್ಬಳನ್ನು ಬಿಟ್ಟು. ಹಪ್ಪಳ ಮಾಳಿಗೆಯ ಮೇಲೆ ಒಣಗಲು ಹೋದವು. ಹೆಂಗಸರು ಕೈ ತೊಳೆಯಲು ಬಚ್ಚಲಿಗೆ ಬಂದರು. ನಾನು ಅಷ್ಟರಲ್ಲಿ ಅದೇ ಕಟ್ಟೆಯ ಮೇಲೆ ಡಬ್ಬಿಯ ಕೀಲಿ ತೆಗೆದು, ಕೈಗವಸು ಹಾಕಿಕೊಂಡು, ಎಣ್ಣೆ ಅಳೆಯುತ್ತಿದ್ದೆ. ಅವರೆಲ್ಲರ ಕಣ್ಣೆದುರಿಗೆ ಮಾಡಬೇಕೆಂದೇ ಆ ಹೊತ್ತು ಆರಿಸಿಕೊಂಡಿದ್ದೆ. ಗಂಡ ಹಿತ್ತಲ ಬಾಗಿಲಿಗೆ ಬಂದು ನೋಡಿ, ಏನೋ ಅನ್ನಲು ಹೋಗಿ, ತಾಯಿ ಹಿಂದೆ ಬರುವುದನ್ನು ಕಂಡು ದಾರಿ ಬಿಟ್ಟರು.

ಅತ್ತೆ ಡಬ್ಬಿಯನ್ನು ನೋಡಿದರು. ನನ್ನನ್ನು ನೋಡಿದರು.

"ನೀ ಏನರ ಮಾಡ್ಕೋ. ನಾ ಅಂತೂ ಅದನ್ನ ಮೈಗೆ ಹಚ್ಚಾಕಿ ಅಲ್ಲ. ಆದ್ರ ಆ ಡಬ್ಬಿ ನನ್ನ ಅಡಗಿಮನಿ ಹೊಸ್ತಿಲ ದಾಟ್ತೋ, ಡಬ್ಬಿ ಜೋಡಿ ನಿನ್ನೂ ಹೊರಗ ಹಾಕ್ತೀನಿ."

"ದಾಟಂಗಿಲ್ಲರಿ," ಎಂದೆ. "ಬಿಡಂಗೂ ಇಲ್ಲ."

"ನಾ ಬಿಡು ಅಂದ್ನೇನ?" ಎಂದು ಅವರು ಕೈ ತೊಳೆದುಕೊಳ್ಳಲು ಕಡಲೆಹಿಟ್ಟಿನ ಬಟ್ಟಲಿಗೆ ಕೈ ಚಾಚಿದರು.