ಎರಡು ದೇಶಗಳ ಮಣ್ಣು ತೊಳೆಯುವ ಬೂಟಣ್ಣ

ಬೆಳಗಿನ ಐದೂವರೆ. ಬೀದಿ ದೀಪ ಇನ್ನೂ ಆರಿಲ್ಲ. ಅಂಗಡಿಯ ಹಿಂದಿನ ಗಚ್ಚಿನ ಅಂಗಳದಲ್ಲಿ ಒಂದು ಹಳೆಯ ತೊಟ್ಟಿ. ಅದರೊಳಗೆ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಐವತ್ತೊಂದು ವರ್ಷದ ಒಬ್ಬರು ನಿಂತಿದ್ದಾರೆ. ಕಾಲ ಕೆಳಗೆ ನೀಲಿ ಬಣ್ಣದ ಸ್ಲೀಪಿಂಗ್ ಬ್ಯಾಗ್. ಅದನ್ನು ತುಳಿಯುವುದಿಲ್ಲ, ಹಿಮ್ಮಡಿಯಿಂದ ಮೆಲ್ಲಗೆ ಒತ್ತಿ ಒತ್ತಿ ಸೋಪಿನ ನೀರು ಹೊರಹಾಕುತ್ತಾರೆ. ಆಮೇಲೆ ಬಗ್ಗಿ, ಎರಡೂ ತೋಳುಗಳನ್ನು ಅದರಡಿಗೆ ತೂರಿಸಿ, ಕೂಸನ್ನು ಎತ್ತುವ ಹಾಗೆ ಎತ್ತುತ್ತಾರೆ.

"ಒಂದು ತುದಿ ಹಿಡಿದು ಎಳೆದ್ರೆ ಮುಗೀತು. ಒಳಗಿನ ಪುಕ್ಕ ನೀರು ಕುಡಿದು ಭಾರ ಆಗಿರುತ್ತೆ. ಹೊಲಿಗೆ ಕಿತ್ತು ಎಲ್ಲಾ ಒಂದೇ ಕಡೆ ಗುಡ್ಡೆ ಬೀಳುತ್ತೆ. ಆಮೇಲೆ ಅದರಲ್ಲಿ ಮಲಗಿದೋರಿಗೆ ಬೆನ್ನು ಬೆಚ್ಚಗಿರುತ್ತೆ, ಕಾಲು ಮರಗಟ್ಟುತ್ತೆ," ಎನ್ನುತ್ತಾರೆ.

ಬೀದಿಯವರೆಲ್ಲ ಇವರನ್ನು ಬೂಟಣ್ಣ ಎಂದೇ ಕರೆಯುತ್ತಾರೆ. ಎತ್ತರದ ಬೆಟ್ಟಗಳಿಗೆ ನಡೆದು ಹೋಗುವವರಿಗೆ ಬೂಟು, ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ಕೊಡುವುದು ಇವರ ಕೆಲಸ. ನೂರ ನಲವತ್ತು ಬ್ಯಾಗು, ಎಂಬತ್ತು ಜೊತೆ ಬೂಟು. ದಿನಕ್ಕೆ ನಾಲ್ಕು ಬ್ಯಾಗಿಗಿಂತ ಹೆಚ್ಚು ತೊಳೆಯಲು ಆಗುವುದಿಲ್ಲ. ಒಂದೊಂದೂ ಒಣಗಲು ಮೂರು ದಿನ ಬೇಕು. ಆ ಮೂರು ದಿನವೂ ಗಂಟೆಗೊಮ್ಮೆ ಹೋಗಿ ಗಂಟುಕಟ್ಟಿದ ಪುಕ್ಕವನ್ನು ಬೆರಳಲ್ಲಿ ಬಿಡಿಸಬೇಕು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಇಷ್ಟಾಗಿಯೂ ಬೂಟಣ್ಣ ಒಂದೇ ಒಂದು ಸಲ ಬೆಟ್ಟ ಹತ್ತಿದವರಲ್ಲ. ಮಂಡಿ ನೋವಿನ ಮನುಷ್ಯ, ಬಸ್ಸು ಹತ್ತುವಾಗಲೇ ಕಂಬಿ ಹಿಡಿದುಕೊಳ್ಳುತ್ತಾರೆ.

ಇವತ್ತು ಅವರ ಕೈ ತೊಟ್ಟಿಯಲ್ಲಿದ್ದರೂ ಕಿವಿ ಒಳಗಿನ ಮೇಜಿನ ಮೇಲಿದೆ. ಮೇಜಿನ ಮೇಲೆ ಫೋನಿದೆ. ಬ್ಯಾಗುಗಳ ಹರಿದ ಜಿಪ್ಪು, ಬಿಚ್ಚಿದ ಹೊಲಿಗೆ ಎಲ್ಲ ಸರಿಮಾಡುವ ಅವರ ಅಕ್ಕ ಹನ್ನೊಂದು ದಿನದ ಹಿಂದೆ ಬೆಟ್ಟಕ್ಕೆ ಹೋಗಿದ್ದಾರೆ. ವಯಸ್ಸು ಐವತ್ತೊಂಬತ್ತು. ಮೊನ್ನೆ ಸಂಜೆ ಎಲ್ಲಕ್ಕಿಂತ ಮೇಲಿನ ಲಾಡ್ಜಿನಿಂದ ಫೋನ್ ಮಾಡುತ್ತೇನೆ ಎಂದಿದ್ದರು. ಮಾಡಿಲ್ಲ. ನಿನ್ನೆಯೂ ಇಲ್ಲ. ಗೈಡಿನ ಫೋನೂ ಸ್ವಿಚ್ ಆಫ್.

"ಆ ದೇಶಕ್ಕೆ ಹೋಗು ಅಂದೋನು ನಾನೇ," ಎನ್ನುತ್ತಾರೆ ಬೂಟಣ್ಣ, ಬ್ಯಾಗನ್ನು ಬಲೆಯ ಮಂಚದ ಮೇಲೆ ಹರಡುತ್ತ. "ಅವಳು ಬೇರೆ ದೇಶ ಕೇಳಿದ್ಲು."

ನನಗೆ ಇವರ ಪರಿಚಯವಾದದ್ದೂ ಯಾವ ದೇಶ ಎಂಬ ಇದೇ ತಕರಾರಿನಿಂದ. ಹದಿನೈದು ದಿನದ ರಜೆ ಸಿಕ್ಕಿತ್ತು, ಎತ್ತರದಲ್ಲಿ ನಡೆಯುವ ಹುಚ್ಚು ಹತ್ತಿತ್ತು. ಒಂದೇ ಹಿಮದ ಸಾಲಿಗೆ ಅಂಟಿಕೊಂಡ ಎರಡು ನೆರೆಯ ದೇಶಗಳು, ಯಾವುದಕ್ಕೆ ಹೋಗಬೇಕು ಎಂದು ತಲೆ ಕೆಡಿಸಿಕೊಂಡಿದ್ದೆ. ಹೋಗಿ ಬಂದವರನ್ನು ಕೇಳಿದರೆ ಪ್ರತಿಯೊಬ್ಬರೂ ತಾವು ಹೋದ ದೇಶವೇ ಸ್ವರ್ಗ ಎನ್ನುತ್ತಿದ್ದರು. ಕೊನೆಗೆ ಒಬ್ಬರು, "ಬೂಟು ಬಾಡಿಗೆಗೆ ಕೊಡೋರನ್ನ ಕೇಳಿ, ಅವರು ಎಲ್ಲಿಗೂ ಹೋಗಿಲ್ಲ, ಹಾಗಾಗಿ ಸುಳ್ಳು ಹೇಳಲ್ಲ," ಎಂದು ಇಲ್ಲಿಗೆ ಕಳಿಸಿದರು.

ಬೂಟಣ್ಣನ ಜ್ಞಾನವೆಲ್ಲ ಮರಳಿ ಬಂದ ಸಾಮಾನಿನಿಂದ ಬಂದದ್ದು. ಅಂಗಡಿಯ ಗೋಡೆಯ ಮೇಲೆ ಕೈಯಲ್ಲಿ ಬರೆದ ದೊಡ್ಡ ನಕ್ಷೆಯಿದೆ. ಅದರಲ್ಲಿ ಎಡಗಡೆ ಒಂದು ದೇಶ, ಬಲಗಡೆ ಇನ್ನೊಂದು. ಇಲ್ಲಿಗೆ ಬರುವವರ ಬಾಯಲ್ಲೂ ಅವು ಎಡದ ದೇಶ, ಬಲದ ದೇಶವೇ. ಎಡಕ್ಕೆ ಹೋದ ಬೂಟಿನ ತಳದಲ್ಲಿ ಕೊಳೆತ ಎಲೆಯ ಕಪ್ಪು ಮಣ್ಣು ಮೆತ್ತಿರುತ್ತದೆ, ಬ್ಯಾಗಿಗೆ ಲಾಡ್ಜಿನ ಅಡುಗೆಮನೆಯ ಹೊಗೆ ವಾಸನೆ. ಅಲ್ಲಿ ಕಾಡಿದೆ, ಮಳೆಯಿದೆ, ದಾರಿಯುದ್ದಕ್ಕೂ ಹಳ್ಳಿಗಳಿವೆ, ಜನವೋ ಜನ. ಬಲಕ್ಕೆ ಹೋದ ಬೂಟು ಬಿಳಿಯ ಧೂಳು ಬಿಟ್ಟರೆ ಶುದ್ಧವಾಗಿ ಬರುತ್ತದೆ. ಅಲ್ಲಿ ಟೆಂಟೇ ಗತಿ, ಗೈಡ್ ಇಲ್ಲದೆ ಕಾಲಿಡುವ ಹಾಗಿಲ್ಲ, ದಿನಗಟ್ಟಲೆ ನಡೆದರೂ ಇನ್ನೊಂದು ಗುಂಪು ಎದುರಾಗುವುದಿಲ್ಲ.

ಈ ಶುದ್ಧ ಬೂಟೇ ಒಂಬತ್ತು ವರ್ಷದ ಹಿಂದೆ ಬೂಟಣ್ಣನನ್ನು ದಾರಿ ತಪ್ಪಿಸಿತು. ಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು ಬಂದು, ಮೊದಲನೇ ಸಲ ಹೋಗುತ್ತಿದ್ದೇನೆ, ಯಾವುದು ಸುಲಭ ಎಂದು ಕೇಳಿದರು. ಬೂಟಣ್ಣ ಎರಡೂ ದೇಶದ ಬೂಟುಗಳನ್ನು ತಿರುಗಿಸಿ ತೋರಿಸಿ, ಬಲಕ್ಕೆ ಹೋಗಿ ಎಂದುಬಿಟ್ಟರು. "ಕೆಸರಿಲ್ಲ, ಜಾರಲ್ಲ, ದಾರಿ ಚೆನ್ನಾಗಿರುತ್ತೆ ಅಂದುಕೊಂಡೆ. ಕೆಸರು ಯಾಕಿಲ್ಲ ಅಂತ ಯೋಚನೆ ಮಾಡಲೇ ಇಲ್ಲ. ಮಳೆಯ ಮೋಡವೂ ಹತ್ತಲಾರದಷ್ಟು ಎತ್ತರ ಸ್ವಾಮಿ ಅದು. ತೊಳೆಯೋನಿಗೆ ಸುಲಭವಾದ ಬೂಟು, ನಡೆಯೋನಿಗೂ ಸುಲಭ ಅಂದುಕೊಂಡ ದಡ್ಡ ನಾನು."

ಮೇಷ್ಟ್ರಿಗೆ ಎತ್ತರದ ತೆಳು ಗಾಳಿ ಒಗ್ಗದೆ ಏಳನೆಯ ದಿನ ತಲೆನೋವು ಶುರುವಾಯಿತು, ಎಂಟನೆಯ ದಿನ ಎದೆಯಲ್ಲಿ ನೀರು ತುಂಬಿಕೊಂಡಿತು. ಕೂಡಲೇ ಕೆಳಗಿಳಿಸಬೇಕು. ಆದರೆ ಅವರಾಗಲೇ ಎರಡು ಶಿಖರಗಳ ನಡುವಿನ ಎತ್ತರದ ಕಣಿವೆ ದಾರಿಯೊಂದನ್ನು ದಾಟಿ ಆಚೆ ಇಳಿದಿದ್ದರು. ಹಿಂದಕ್ಕೆ ಬರಬೇಕಾದರೂ ಮತ್ತೆ ಹತ್ತಬೇಕು, ಮುಂದಕ್ಕೆ ಹೋಗಬೇಕಾದರೂ ಹತ್ತಬೇಕು. ಕುದುರೆಯ ಮೇಲೆ ಕಟ್ಟಿ ತರಲು ಹದಿನಾಲ್ಕು ಗಂಟೆ ಹಿಡಿಯಿತು. ಬದುಕಿದ್ದು ಪುಣ್ಯ. ಊರಿನ ಆಸ್ಪತ್ರೆಗೆ ತಂದಾಗ ಬೂಟಣ್ಣ ಮೂರು ದಿನ ಅಂಗಡಿಗೆ ಬೀಗ ಹಾಕಿ ವಾರ್ಡಿನ ಹೊರಗೆ ಕೂತಿದ್ದರು.

ಆ ಮೇಷ್ಟ್ರು ಈಗ ನಿವೃತ್ತರು. ಇವತ್ತು ಏಳು ಗಂಟೆಗೇ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಅಂಗಡಿಗೆ ಬಂದು ಕೂತಿದ್ದಾರೆ, ಫೋನು ಕಾಯಲು. "ನನ್ನನ್ನ ತಪ್ಪು ದೇಶಕ್ಕೆ ಕಳಿಸಿದ ಮಹಾನುಭಾವ ಇವನೇ," ಎಂದು ನನಗೆ ಬೂಟಣ್ಣನನ್ನು ಹೊಸದಾಗಿ ಪರಿಚಯಿಸುತ್ತಾರೆ. "ಇವನ ಮೇಲೆ ಸಿಟ್ಟು ಬಂದಿತ್ತು. ಆದ್ರೆ ಕಣ್ಣು ಬಿಟ್ಟಾಗಲೆಲ್ಲ ಬಾಗಿಲಲ್ಲಿ ಇವನ ಮುಖವೇ ಕಾಣ್ತಿತ್ತು. ಎಷ್ಟು ದಿನ ಅಂತ ಸಿಟ್ಟು ಮಾಡಿಕೊಳ್ಳೋದು?"

ಗೋಡೆಯ ನಕ್ಷೆ ಬರೆದವರು ಈ ಮೇಷ್ಟ್ರೇ. ಅದರಲ್ಲಿ ಶಿಖರಗಳ ಹೆಸರಿಲ್ಲ, ಸುಂದರ ನೋಟಗಳ ಗುರುತಿಲ್ಲ. ರಾತ್ರಿ ಮಲಗುವ ಜಾಗಗಳು ಮಾತ್ರ ಇವೆ. ಒಂದೊಂದರ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ಒಂದು ಅಂಕಿ: ಅಲ್ಲಿಂದ ಸಾಕಷ್ಟು ಕೆಳಗಿಳಿಯಲು ಬೇಕಾಗುವ ಗಂಟೆ. ಬೂಟು ಹಿಂದಿರುಗಿಸಲು ಬಂದವರನ್ನೆಲ್ಲ ಕೇಳಿ ಕೇಳಿ ತುಂಬಿಸಿದ ಅಂಕಿಗಳಿವು. ಎಡದ ದೇಶದಲ್ಲಿ ಎರಡು, ಮೂರು, ಎರಡು. ಬಲದ ದೇಶದಲ್ಲಿ ಒಂಬತ್ತು, ಹನ್ನೊಂದು, ಒಂದು ಕಡೆ ಹದಿನಾಲ್ಕು. ಆ ಹದಿನಾಲ್ಕನ್ನು ಮೇಷ್ಟ್ರು ಸ್ವಲ್ಪ ದಪ್ಪಗೆ ಬರೆದಿದ್ದಾರೆ.

ನಕ್ಷೆ ತೋರಿಸಿದ ಮೇಲೆ ಬೂಟಣ್ಣ ಗಿರಾಕಿಗೆ ಒಂದು ಪ್ರಶ್ನೆ ಕೇಳುತ್ತಾರೆ. ಎಷ್ಟು ದಿನ ರಜೆ, ಎಷ್ಟು ನಡೆಯುತ್ತೀರಿ, ಅದೆಲ್ಲ ಆಮೇಲೆ. ಮೊದಲು, "ನೀವು ಅರ್ಧಕ್ಕೆ ಬಿಟ್ಟ ಕೆಲಸ ಒಂದು ಹೇಳಿ." ನನ್ನನ್ನು ಕೇಳಿದಾಗ ನಾನು ಎದೆಯುಬ್ಬಿಸಿ, ಹಿಡಿದದ್ದನ್ನು ಬಿಡುವ ಜಾಯಮಾನವೇ ನನ್ನದಲ್ಲ ಎಂದೆ. ಬೂಟಣ್ಣ ಎಡದ ದೇಶಕ್ಕೆ ಹೋಗುವ ಬೂಟು ತೆಗೆದು ಮುಂದಿಟ್ಟರು. ನನ್ನ ಮುಖ ಸಪ್ಪಗಾಯಿತು. ಬಿಡುವುದು ಗೊತ್ತಿಲ್ಲದವರು ತಲೆ ಸಿಡಿಯುತ್ತಿದ್ದರೂ ಹೇಳುವುದಿಲ್ಲ, ಮುಂದಕ್ಕೇ ಹೋಗುತ್ತಾರೆ, ಅಂಥವರಿಗೆ ಕೆಳಗಿಳಿಯುವ ದಾರಿ ಹತ್ತಿರದಲ್ಲೇ ಇರಬೇಕು ಎಂಬುದು ಅವರ ಲೆಕ್ಕಾಚಾರ. ಬೇಡ ಅನ್ನಿಸಿದಾಗ ಸಲೀಸಾಗಿ ಬಿಟ್ಟು ಬರುವವರನ್ನು ಮಾತ್ರ ಬಲಕ್ಕೆ ಕಳಿಸುತ್ತಾರೆ.

ಈ ಲೆಕ್ಕಾಚಾರವನ್ನು ಸ್ವಂತ ಅಕ್ಕನಿಗೇ ಹಚ್ಚಬೇಕಾಗಿ ಬಂದಾಗ ಮನೆಯಲ್ಲಿ ರಾಮಾಯಣವಾಯಿತು. ಅಕ್ಕ ಅಂದರೆ ಸಾಮಾನ್ಯದವರಲ್ಲ. ತಾಯಿ ತೀರಿಕೊಂಡಾಗ ಹದಿನಾರಕ್ಕೇ ಶಾಲೆ ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕೂತು ತಮ್ಮನನ್ನು ಸಾಕಿದವರು. ತಮ್ಮ ಹೋಟೆಲಿನ ಬೆಡ್‌ಶೀಟ್ ಒಗೆಯುವ ಲಾಂಡ್ರಿಯಲ್ಲಿದ್ದಾಗ, ಮುಚ್ಚಿಹೋದ ಚಾರಣ ಕ್ಲಬ್ಬೊಂದು ಹನ್ನೊಂದು ಹರಿದ ಬ್ಯಾಗುಗಳನ್ನು ಕಸಕ್ಕೆ ಹಾಕಿತ್ತು. ಜಿಪ್ಪು ಎಳೆದು ನೋಡಿ, "ಎಲ್ಲಾ ಹೊತ್ಕೊಂಡು ಬಾ, ನಾನು ಹೊಲೀತೀನಿ, ನೀನು ತೊಳಿ," ಎಂದವರು ಇವರೇ. ಅಂಗಡಿ ಶುರುವಾದದ್ದು ಹಾಗೆ. ಇಪ್ಪತ್ತೆರಡು ವರ್ಷ ಬೇರೆಯವರ ಬ್ಯಾಗು ಹೊಲಿದ ಮೇಲೆ, ಇವೆಲ್ಲ ಎಲ್ಲಿಗೆ ಹೋಗಿ ಬರುತ್ತವೆ ಎಂದು ತಾನೂ ನೋಡಬೇಕು ಅನ್ನಿಸಿತು. ಬೆಳಗಿನ ವಾಕಿಂಗ್ ಗೆಳತಿಯರು ನಾಲ್ವರು ಜೊತೆಯಾದರು.

ಅಕ್ಕನಿಗೆ ಬೇಕಾಗಿದ್ದದ್ದು ಬಲದ ದೇಶ. "ಇಲ್ಲಿ ಕ್ಯೂ ನಿಂತಿದ್ದು ಸಾಲದೇನೋ? ಅಲ್ಲಿಗೂ ಹೋಗಿ ಜನದ ಬೆನ್ನು ನೋಡ್ಕೊಂಡು ನಡೀಬೇಕಾ?" ಎಂದರಂತೆ. ಬೂಟಣ್ಣ ತಮ್ಮ ಪ್ರಶ್ನೆ ಕೇಳಿದರು. ಅಕ್ಕ ಯೋಚಿಸಿ, "ಶಾಲೆ," ಎಂದರು. "ಅದು ನೀನು ಬಿಟ್ಟಿದ್ದಲ್ಲ, ಬಿಡಬೇಕಾಗಿ ಬಂದಿದ್ದು. ಬೇರೆ ಹೇಳು." ಬೇರೆ ಸಿಗಲಿಲ್ಲ. ಆಮೇಲೆ ನಾಲ್ಕು ದಿನ ಅಕ್ಕ ತಮ್ಮನ ಜೊತೆ ಮಾತು ಬಿಟ್ಟು ಹೊಲಿಗೆ ಮಿಷನ್ನಿನ ಜೊತೆ ಮಾತಾಡಿದರು. "ಕೆಲವರಿಗೆ ಕಾಲಿಡದ ದೇಶಗಳ ಬಗ್ಗೆ ಎಷ್ಟು ಗೊತ್ತಿರುತ್ತಪ್ಪ," ಎಂದು ಮಿಷನ್ನಿಗೆ ಹೇಳುವುದು, ತಮ್ಮನಿಗೆ ಕೇಳಿಸುವುದು. ಐದನೆಯ ದಿನ ಗೆಳತಿಯರ ಒತ್ತಾಯಕ್ಕೆ ಒಪ್ಪಿದರು. ಒಪ್ಪಿದರೂ, "ಮೇಲಿನ ಕಣಿವೆ ದಾರಿ ದಾಟದೆ ನಾನು ಈ ಮನೆ ಮೆಟ್ಟಿಲು ಹತ್ತಲ್ಲ," ಎಂದು ಹೇಳಿಯೇ ಹೋದರು.

"ಆ ಮಾತಿಗೇ ನಾನು ಹೆದರ್ತಾ ಇರೋದು," ಎನ್ನುತ್ತಾರೆ ಬೂಟಣ್ಣ. ಹತ್ತು ಗಂಟೆಯಾಗಿದೆ. ಮೇಷ್ಟ್ರ ಕಾಫಿ ಆರಿ ನೀರಾಗಿದೆ. "ದೇಶ ಆರಿಸಬಹುದು. ಒಳಗಿನ ಹಟ ಯಾರಿಗೆ ಆರಿಸೋಕೆ ಆಗುತ್ತೆ? ಎರಡು ಗಂಟೆಯ ದಾರಿ ಇದ್ರೂ ಇಳಿಯೋ ಮನಸ್ಸು ಬರಬೇಕಲ್ಲ." ಒಂದು ಬೂಟನ್ನು ಹಿಡಿದು ಕಡ್ಡಿಯಿಂದ ಮಣ್ಣು ಕೆರೆಯುತ್ತಿದ್ದಾರೆ, ಮಣ್ಣು ಯಾವಾಗಲೋ ಮುಗಿದಿದೆ. ನಾನು ಏನಾದರೂ ಸಮಾಧಾನ ಹೇಳೋಣವೆಂದು ಬಾಯಿ ತೆರೆದರೆ ಮೇಷ್ಟ್ರು ಬೇಡ ಎಂದು ಕಣ್ಣಲ್ಲೇ ತಡೆಯುತ್ತಾರೆ.

ಹತ್ತೂ ಇಪ್ಪತ್ತಕ್ಕೆ ಫೋನ್ ಹೊಡೆದುಕೊಳ್ಳುತ್ತದೆ. ಗೊತ್ತಿಲ್ಲದ ನಂಬರು. ಬೂಟಣ್ಣ ಕೈಯನ್ನು ಅಂಗಿಗೆ ಒರೆಸಿಕೊಂಡು ಸ್ಪೀಕರ್ ಒತ್ತುತ್ತಾರೆ.

"ನೀನು ಬಯ್ಯೋಕೆ ಮುಂಚೆ ನಾನೇ ಹೇಳಿಬಿಡ್ತೀನಿ," ಎನ್ನುತ್ತದೆ ಹೆಂಗಸಿನ ಗಡಸು ದನಿ. "ಕಣಿವೆ ದಾಟಲಿಲ್ಲ ಕಣೋ. ಇಳಿದುಬಂದೆ."

ಬೂಟಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಅಕ್ಕ ತಾವೇ ಮುಂದುವರಿಸುತ್ತಾರೆ. ಮೊನ್ನೆ ಮೇಲಿನ ಲಾಡ್ಜ್ ತಲುಪುವಷ್ಟರಲ್ಲಿ ತಲೆ ಸುತ್ತಿತಂತೆ, ಎರಡು ಸಲ ವಾಂತಿಯಾಯಿತಂತೆ. ಕಣಿವೆ ಕಣ್ಣ ಮುಂದೆ ಕಾಣುತ್ತಿತ್ತು, ಇನ್ನೊಂದು ಬೆಳಗಿನ ನಡಿಗೆ ಅಷ್ಟೆ. ಗೈಡನ್ನು ಕರೆದು ನಾನು ಇಳಿಯುತ್ತೇನೆ ಎಂದರಂತೆ. ಗೆಳತಿಯೊಬ್ಬರೂ ಜೊತೆಗೆ ಬಂದರು. ಕೆಳಗಿನ ಹಳ್ಳಿಯಲ್ಲಿ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಇವತ್ತು ಇನ್ನೂ ಕೆಳಗಿನ ಊರಿಗೆ ಬಂದು ಲಾಡ್ಜಿನವರ ಫೋನಿನಿಂದ ಮಾತಾಡುತ್ತಿದ್ದಾರೆ. ತಲೆನೋವು ಪೂರ್ತಿ ಹೋಗಿದೆ. ಎರಡು ತಟ್ಟೆ ಊಟ ಹೊಡೆದಿದ್ದಾರೆ.

"ಅದು ಹೇಗೆ ಇಳಿಯೋ ಮನಸ್ಸು ಬಂತು ಅಕ್ಕ ನಿನಗೆ?" ಎಂದು ಬೂಟಣ್ಣ ಕೇಳುತ್ತಾರೆ.

"ನಾನೇನಾದ್ರೂ ಅಲ್ಲಿ ಬಿದ್ದಿದ್ರೆ ನೀನು ಆಮೇಲೆ ಜನ್ಮದಲ್ಲಿ ಯಾರಿಗೂ ಒಂದು ಬೂಟು ಕೊಡ್ತಿರಲಿಲ್ಲ. ನನಗೆ ಗೊತ್ತಿಲ್ವಾ ನಿನ್ನ ಬುದ್ಧಿ?" ಅದೇ ಉಸಿರಿನಲ್ಲಿ, "ಮೇಷ್ಟ್ರು ಇದ್ದಾರಾ ಅಲ್ಲಿ? ಮೇಲಿನ ಲಾಡ್ಜಿನಿಂದ ಎರಡು ಗಂಟೆ ಅಂತ ಬರೆದಿದ್ದಾರಲ್ಲ, ಸುಳ್ಳು. ಮೂರು ಆಗುತ್ತೆ. ತಿದ್ದೋಕೆ ಹೇಳು," ಎನ್ನುತ್ತಾರೆ.

ಮೇಷ್ಟ್ರು ಎದ್ದು, ಕೆಂಪು ಪೆನ್ನು ಹುಡುಕಿ, ನಕ್ಷೆಯಲ್ಲಿ ಎರಡನ್ನು ಹೊಡೆದುಹಾಕಿ ಮೂರು ಬರೆಯುತ್ತಾರೆ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಬೂಟಣ್ಣ ತಿರುಗಿ ಬೂಟುಗಳ ಕಪಾಟಿಗೆ ಹಣೆಯಿಟ್ಟು ನಿಂತುಬಿಟ್ಟಿದ್ದಾರೆ, ಭುಜ ಅಲುಗುತ್ತಿದೆ. ಅಳುವೋ ನಗುವೋ ಎಂದುಕೊಳ್ಳುವಷ್ಟರಲ್ಲಿ ಈ ಕಡೆ ತಿರುಗುತ್ತಾರೆ, ಎರಡೂ ಇದೆ. ನಾನು ಆರಿದ ಕಾಫಿಯನ್ನೇ ಗಟಗಟನೆ ಕುಡಿಯುತ್ತೇನೆ. ಅಂಗಡಿಗೆ ಸದ್ದು ವಾಪಸ್ಸು ಬರುತ್ತದೆ. ಮೇಷ್ಟ್ರು ಬೂಟಣ್ಣನನ್ನು ರೇಗಿಸತೊಡಗುತ್ತಾರೆ: ಬರುವಾಗ ಅಕ್ಕನನ್ನು ಮನೆ ಮೆಟ್ಟಿಲು ಹತ್ತಿಸುವುದು ಹೇಗೆ, ಶಪಥ ಮಾಡಿ ಹೋಗಿದ್ದಾರಲ್ಲ? "ಹಿಂದಿನ ಬಾಗಿಲಿಗೆ ಮೆಟ್ಟಿಲೇ ಇಲ್ಲ, ಆ ಕಡೆಯಿಂದ ಕರ್ಕೊಂಡು ಬರ್ತೀನಿ," ಎನ್ನುತ್ತಾರೆ ಬೂಟಣ್ಣ.

ಹೊರಡುವ ಮುನ್ನ, ಇಂಥ ಲೇಖನ ಬರೆಯುವವರು ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ: ನಿಮಗೆ ಏನಾಗಬೇಕು ಅಂತ ಆಸೆ? ದೊಡ್ಡ ಅಂಗಡಿಯೋ, ಒಣಗಿಸುವ ಮಿಷನ್ನೋ ಎಂದಾರು ಅಂದುಕೊಂಡಿದ್ದೆ. ಬೂಟಣ್ಣ ಮತ್ತೆ ತೊಟ್ಟಿಗೆ ಇಳಿದಿದ್ದಾರೆ, ದಿನದ ಎರಡನೆಯ ಬ್ಯಾಗು ಕಾಲ ಕೆಳಗಿದೆ.

"ಮೇಷ್ಟ್ರು ಆಸ್ಪತ್ರೆಯಲ್ಲಿದ್ದಾಗ ಅವರ ಬ್ಯಾಗನ್ನ ನನಗೆ ವಾಪಸ್ ತಂದುಕೊಟ್ಟಿದ್ದು ಅವರ ತಮ್ಮ," ಎನ್ನುತ್ತಾರೆ. "ಕೌಂಟರ್ ಮೇಲೆ ಇಟ್ಟು ಹೋದ್ರು. ಹರಿದು ಬರಲಿ, ಸುಟ್ಟು ಬರಲಿ, ಕೆಸರಲ್ಲಿ ಮುಳುಗಿ ಬರಲಿ, ನಾವು ಸರಿ ಮಾಡ್ಕೋತೀವಿ. ತಗೊಂಡು ಹೋದೋರೇ ತಂದು ಕೊಡಬೇಕು. ಅಷ್ಟೇ ನನ್ನ ಆಸೆ."