ಮೆಹಂದಿ ಕಲೆಯ ಬೆಡ್‌ಶೀಟುಗಳು ಮತ್ತು ಹುಬ್ಬತಲೈ ಕೌದಿ

ಕೋವಿಡ್ ಕಾಲ ಮುಗಿದು ಪ್ರವಾಸಿಗರು ಮತ್ತೆ ಬೆಟ್ಟ ಹತ್ತತೊಡಗಿದ ವರ್ಷ ನಾನು ಊಟಿಯ ಒಂದು ಹಳೆಯ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಹೌಸ್‌ಕೀಪಿಂಗ್ ಎಂದರೆ ಪೊರಕೆ ಹಿಡಿಯುವ ಕೆಲಸ ಎಂದೇ ನನ್ನ ನೆಂಟರಲ್ಲಿ ಅನೇಕರು ಇಂದಿಗೂ ತಿಳಿದಿದ್ದಾರೆ. ತಿದ್ದುವ ಗೋಜಿಗೆ ನಾನು ಹೋಗಿಲ್ಲ. ನೀಲಗಿರಿಯ ಹಳೆಯ ವೀರಶೈವ ಮನೆತನ ನಮ್ಮದು. ಮನೆಯಲ್ಲಿ ಬಡಗ ಮಾತು, ಶಾಲೆಯಲ್ಲಿ ತಮಿಳು. ಅಮ್ಮನ ತವರು ಗುಂಡ್ಲುಪೇಟೆಯ ಕಡೆಯದಾದ್ದರಿಂದ ರಜೆಯಲ್ಲಿ ಹೋಗಿ ಕನ್ನಡ ಓದಿ ಬರೆಯಲು ಕಲಿತೆ. ನಿವೃತ್ತಿಯ ಬಿಡುವಿನಲ್ಲಿ ಅದೀಗ ಉಪಯೋಗಕ್ಕೆ ಬರುತ್ತಿದೆ.

ಹೋಟೆಲಿನ ಬಟ್ಟೆಬರೆಗಳಿಗೆಲ್ಲ ಒಂದೇ ಹೆಸರು, ಲಿನೆನ್. ಅತಿಥಿಗೆ ಕೊಡಲಾಗದ ಲಿನೆನ್ನನ್ನು ‘ಕಂಡೆಮ್’ ಮಾಡುತ್ತೇವೆ. ಅಂದರೆ ಮೂಲೆಗೊಂದು ಮುದ್ರೆ ಒತ್ತಿ, ಇದು ಇನ್ನು ಕೋಣೆಗಳಿಗೆ ಹೋಗಕೂಡದು ಎಂದು ಬೇರೆ ಬೀರುವಿಗೆ ತಳ್ಳುತ್ತೇವೆ. ಬಟ್ಟೆ ಹರಿದರೆ ಮಾತ್ರ ಕಂಡೆಮ್ ಆಗುತ್ತದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಬೆಡ್‌ಶೀಟುಗಳಿಗೆ ದೊಡ್ಡ ಶತ್ರು ಎಂದರೆ ಮೆಹಂದಿ. ಊಟಿ ಹನಿಮೂನಿನ ಊರು. ಮದುವೆಯಾದ ವಾರದಲ್ಲೇ ಬರುವ ಹುಡುಗಿಯರ ಅಂಗೈ ಅಂಗಾಲುಗಳಲ್ಲಿ ಬಣ್ಣ ಇನ್ನೂ ಹಸಿಯಾಗಿಯೇ ಇರುತ್ತದೆ. ಬೆಳಿಗ್ಗೆ ಹಾಸಿಗೆ ತೆಗೆಯುವಾಗ ನೋಡಿದರೆ ಹಾಲಿನಂಥ ಬಟ್ಟೆಯ ಮೇಲೆ ಕಂದು ಬಣ್ಣದ ಕಲೆ. ಯಾವ ಸೋಪಿಗೂ ಜಗ್ಗದು. ಶುದ್ಧ ಹತ್ತಿಯ, ಇನ್ನೂ ವರ್ಷಗಟ್ಟಲೆ ಬಾಳಬಹುದಾದ ಬೆಡ್‌ಶೀಟುಗಳು ಹೀಗೆ ನೆಲ ಒರೆಸುವ ಬಟ್ಟೆಗಳಾಗುವುದನ್ನು ಕಂಡು ನನ್ನ ಹೊಟ್ಟೆ ಉರಿಯುತ್ತಿತ್ತು.

ಆ ವರ್ಷ ಚಳಿಗಾಲ ಶುರುವಾಗುವ ಹೊತ್ತಿಗೆ ಹೊದಿಕೆಗಳ ತಕರಾರು ಎದ್ದಿತು. ನಮ್ಮಲ್ಲಿದ್ದವು ಪಾಲಿಯೆಸ್ಟರ್ ತುಂಬಿದ ಕಂಫರ್ಟರ್‌ಗಳು. ನೋಡಲು ಉಬ್ಬಿಕೊಂಡು ಚಂದ, ಹೊದ್ದರೆ ಜಾರಿ ಮಂಚದ ಕೆಳಗೆ. ಅತಿಥಿಗಳು ಬೈದು ಹೋಗುತ್ತಿದ್ದರು. ಜನರಲ್ ಮ್ಯಾನೇಜರ್ ವರ್ಗೀಸ್ ಸರ್ ಕೊಯಮತ್ತೂರಿನಿಂದ ಅಂಥವೇ ಹೊಸ ಕಂಫರ್ಟರ್‌ಗಳನ್ನು ತರಿಸಲು ಹೊರಟಾಗ ನಾನು ಅಡ್ಡ ಬಾಯಿ ಹಾಕಿದೆ.

“ಸರ್, ಕ್ವಿಲ್ಟ್ ಹೊಲಿಸೋಣ. ನಮ್ಮ ಕಂಡೆಮ್ ಬೆಡ್‌ಶೀಟುಗಳನ್ನೇ ಅಡಿಬಟ್ಟೆ ಮಾಡೋಣ.”

ಕ್ವಿಲ್ಟ್ ಎಂದರೆ ಬೇರೇನಲ್ಲ, ನಮ್ಮ ಕೌದಿಯ ಅಕ್ಕತಂಗಿ. ಮೇಲೊಂದು ಬಟ್ಟೆ, ನಡುವೆ ಬೆಚ್ಚನೆಯ ಪದರ, ಕೆಳಗೆ ಅಡಿಬಟ್ಟೆ, ಮೂರನ್ನೂ ಹಿಡಿದಿಡುವ ಸಾಲು ಹೊಲಿಗೆ. ಅಡಿಬಟ್ಟೆಯೇ ಮೈಗೆ ತಾಗುವುದು. ಅದಕ್ಕೆ ಬೆಡ್‌ಶೀಟಿಗಿಂತ ಒಳ್ಳೆಯದು ಸಿಗುವುದು ಕಷ್ಟ. ಹಾಸಿಗೆಯಷ್ಟೇ ಅಗಲ, ಹಾಗಾಗಿ ನಡುವೆ ಜೋಡಣೆ ಬೇಡ. ಹೊಸ ಬೆಡ್‌ಶೀಟಾದರೆ ನೇಯ್ಗೆ ಬಿಗಿಯಾಗಿದ್ದು ಸೂಜಿಯೊಂದಿಗೆ ಜಗಳ ಆಡುತ್ತದೆ. ಹಳೆಯದು ಹೋಟೆಲಿನ ಯಂತ್ರಗಳಲ್ಲಿ ಒಗೆಸಿಕೊಂಡು ಮೆತ್ತಗಾಗಿರುತ್ತದೆ, ಕುಗ್ಗುವಷ್ಟೂ ಕುಗ್ಗಿ ಮುಗಿಸಿರುತ್ತದೆ. ನಡುವಿನ ಪದರಕ್ಕೆ ಕಂಡೆಮ್ ಆದ ಉಣ್ಣೆಯ ಬ್ಲಾಂಕೆಟ್‌ಗಳಿದ್ದವು, ಮೇಲ್ಪದರಕ್ಕೆ ಹಳೆಯ ಪರದೆಗಳ ಹೂಬಟ್ಟೆ. ಇಷ್ಟೆಲ್ಲ ವಿವರಿಸಿದ ಮೇಲೆ ವರ್ಗೀಸ್ ಸರ್ ಕೇಳಿದ್ದು ಒಂದೇ ಮಾತು.

“ಮೇಡಂ, ಯಾರದೋ ಮೆಹಂದಿ ಕಲೆಯನ್ನು ಇನ್ನೊಬ್ಬ ಗೆಸ್ಟಿಗೆ ಹೊದಿಸುವುದಾ?”

ಕೊನೆಗೆ ಒಂದು ಮಾದರಿ ಹೊಲಿಸಿ ತೋರಿಸಲು ಒಪ್ಪಿದರು. ಅದು ಹಿಡಿಸದಿದ್ದರೆ ಕೊಯಮತ್ತೂರಿಗೇ ಆರ್ಡರ್ ಎಂದರು.

ನನ್ನ ತಲೆಯಲ್ಲಿದ್ದದ್ದು ಸಿವಗಾಮಿ. ಕೂನೂರಿನ ಪಕ್ಕದ ಹುಬ್ಬತಲೈಯವಳು. ಹೋಟೆಲಿನ ಪರದೆಗಳ ಅಂಚು ಹೊಲಿದುಕೊಡಲು ಆಗಾಗ ಬರುತ್ತಿದ್ದಳು. ಅದಕ್ಕೆ ಮುಂಚೆ ಟೀ ಫ್ಯಾಕ್ಟರಿಯಲ್ಲಿ ಒಣಗಿದ ಟೀ ಜರಡಿ ಹಿಡಿಯುವ ವಿಭಾಗದಲ್ಲಿ ಕೆಲಸ ಮಾಡಿದ್ದಳು. ಅಲ್ಲಿ ಗಾಳಿಯಲ್ಲೆಲ್ಲ ಟೀ ಧೂಳು. ಧೂಳು ಎದೆಗಿಳಿದು ಉಬ್ಬಸ ಹಿಡಿದಿತ್ತು. ಮತ್ತೆ ಆ ಧೂಳಿಗೆ ಹೋದರೆ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆದರೆ ಮನೆಯ ಟೀ ತೋಟ ಅಂಗೈಯಗಲ, ಮಕ್ಕಳು ಓದುತ್ತಿದ್ದಾರೆ. ಫ್ಯಾಕ್ಟರಿಯ ಸೂಪರ್‌ವೈಸರ್ ಮತ್ತೆ ಬಾ ಎಂದು ಫೋನ್ ಮಾಡತೊಡಗಿದ್ದ. ತಿಂಗಳು ಮುಗಿಯುವುದರೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು.

ಬೆಡ್‌ಶೀಟುಗಳ ಗಂಟು ಕೊಟ್ಟಾಗ ಅವಳು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. “ಅಕ್ಕಾ, ಈ ಕೆಲಸ ಸಿಕ್ಕಿದರ ನಾ ಫ್ಯಾಕ್ಟರಿಗ ಹೋಪದು ಬೇಡ ಅಲ್ಲವ?” ಎಂದಳು. ಸಿಕ್ಕೇ ಸಿಗುತ್ತದೆ ಎಂದುಬಿಟ್ಟೆ. ಮಾತು ಕೊಡುವಾಗ ನನ್ನ ನಾಲಿಗೆಗೆ ಬ್ರೇಕ್ ಇಲ್ಲ.

ಮಾದರಿ ಬಂತು. ಎಂಥ ಚಂದದ ಕೌದಿ! ಮೂಲೆಗೆ ಮೂಲೆ ಸರಿಯಾಗಿ, ಮಡಿಸಿದರೆ ಹಲಗೆಯಂತೆ ನಿಲ್ಲುತ್ತಿತ್ತು. ಕಲೆ ಇದ್ದ ಜಾಗದಲ್ಲಿ ಹೂಬಟ್ಟೆಯ ಎಲೆಯಾಕಾರದ ತೇಪೆ. ವರ್ಗೀಸ್ ಸರ್ ಕೈಯಾಡಿಸಿ “ಪರವಾಗಿಲ್ಲ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಆದರೆ ಒಗೆಯದ ಯಾವ ಬಟ್ಟೆಯೂ ಅತಿಥಿಯ ಮಂಚ ಹತ್ತಬಾರದೆಂಬುದು ನನ್ನದೇ ನಿಯಮ. ಅದನ್ನು ಲಾಂಡ್ರಿಗೆ ಕಳಿಸಿದೆ.

ಲಾಂಡ್ರಿಯಿಂದ ಬಂದದ್ದನ್ನು ಕೌದಿ ಎನ್ನಲು ನಾಚಿಕೆಯಾಗುತ್ತಿತ್ತು. ಒಂದು ಮೂಲೆ ಬಾಲದಂತೆ ಉದ್ದವಾಗಿ, ಎದುರಿನದು ಒಳಗೆ ಎಳೆದುಕೊಂಡು, ಹೊದಿಕೆ ಇಡಿಯಾಗಿ ತಿರುಚಿಕೊಂಡಿತ್ತು. ಅಡಿಬಟ್ಟೆಯ ತುಂಬ ಸುಕ್ಕು. ವರ್ಗೀಸ್ ಸರ್ ನಗಲಿಲ್ಲ, ನಕ್ಕಿದ್ದರೆ ನಾನೂ ಜಗಳವಾಡಬಹುದಿತ್ತು.

“ಇದಕ್ಕೇ ಹಳೆ ಬೆಡ್‌ಶೀಟ್ ಬೇಡ ಅಂದದ್ದು. ಸೋಮವಾರ ಕೊಯಮತ್ತೂರಿಗೆ ಹೇಳಿಬಿಡುತ್ತೇನೆ.”

ನನಗೆ ಬೇಸರಕ್ಕಿಂತ ಸಿಟ್ಟು ಹೆಚ್ಚಾಗಿ ಬಂತು. ಆ ಬೆಡ್‌ಶೀಟನ್ನು ವರ್ಷಗಳಿಂದ ಒಗೆಸಿದವಳು ನಾನು. ಒಮ್ಮೆಯೂ ತಿರುಚಿಕೊಂಡಿರಲಿಲ್ಲ. ಹೊಲಿಗೆಯೂ ಹಳಿ ಹಾಕಿದಂತೆ ನೇರವಾಗಿತ್ತು. ಹಾಗಾದರೆ ನಮ್ಮ ಲಿನೆನ್ ಬೀರುವಿನಿಂದ ಹೊರಟ ಬಟ್ಟೆಗೂ ಸಿವಗಾಮಿಯ ಸೂಜಿಗೂ ನಡುವೆ ಏನೋ ನಡೆದಿದೆ. ತಿರುಚಿದ ಕೌದಿಯನ್ನು ಚೀಲಕ್ಕೆ ತುರುಕಿ ಕೂನೂರಿನ ಬಸ್ಸು ಹತ್ತಿದೆ.

ಹುಬ್ಬತಲೈಯಲ್ಲಿ ಬಸ್ಸಿಳಿದು ಸಿವಗಾಮಿಯ ಮನೆಯತ್ತ ಇಳಿಯುವಾಗಲೇ ಅರ್ಧ ಉತ್ತರ ಕಣ್ಣಿಗೆ ಬಿತ್ತು. ಮನೆಯ ಪಕ್ಕದ ಇಳಿಜಾರಿನ ಟೀ ಗಿಡಗಳ ಮೇಲೆ ನಮ್ಮ ಹೋಟೆಲಿನ ಬೆಡ್‌ಶೀಟುಗಳು ಒಣಗುತ್ತಿದ್ದವು. ನಮ್ಮ ಕಡೆ ಎಲ್ಲರೂ ಹಾಗೆಯೇ ಒಣಗಿಸುವುದು. ಸಮನಾಗಿ ಕತ್ತರಿಸಿದ ಟೀ ಗಿಡದ ತಲೆಗಿಂತ ಚೊಕ್ಕಟವಾದ ಜಾಗ ಎಲ್ಲಿ ಸಿಗಬೇಕು? ಸಿವಗಾಮಿಯ ಅತ್ತೆ ಮಾದಮ್ಮ, ಬಿಳಿ ಮುಂಡು, ತಲೆಗೆ ಬಿಳಿ ವಸ್ತ್ರ, ಒಂದು ಬೆಡ್‌ಶೀಟಿನ ಮೂಲೆ ಹಿಡಿದು ಕೆಳಕ್ಕೆ ಜಗ್ಗಿ ಜಗ್ಗಿ ಸುಕ್ಕು ಬಿಡಿಸುತ್ತಿದ್ದರು. ಹತ್ತಿರ ಹೋಗಿ ಮುಟ್ಟಿದೆ. ಬಟ್ಟೆ ಅಂಟಂಟು. ಮೂಗಿಗೆ ಅನ್ನದ ಗಂಜಿಯ ವಾಸನೆ.

ಆಗ ಪೂರ್ತಿ ತಿಳಿಯಿತು. ನಮ್ಮ ಹಟ್ಟಿಗಳಲ್ಲಿ ಹಬ್ಬಕ್ಕೂ ಮದುವೆಗೂ ಉಡುವುದು ಬಿಳಿ ಬಟ್ಟೆ. ಅದಕ್ಕೆ ಗಟ್ಟಿ ಗಂಜಿ, ಮೇಲೊಂದಿಷ್ಟು ನೀಲಿ. ಹಾಗೆ ಮಾಡದ ಬಿಳಿ ಬಟ್ಟೆಯನ್ನು ಇನ್ನೊಬ್ಬರ ಮನೆಗೆ ಕಳಿಸುವುದು ಮಾದಮ್ಮನವರಿಗೆ ಮರ್ಯಾದೆಯ ಪ್ರಶ್ನೆ. ಹೋಟೆಲಿಗೆ ಹೋಗುವ ಬಟ್ಟೆ ಎಂದು ಇನ್ನೊಂದು ಹಿಡಿ ಗಂಜಿ ಹೆಚ್ಚಿಗೆಯೇ ಹಾಕಿದ್ದರು. ಒದ್ದೆ ಬಟ್ಟೆಯನ್ನು ಇಳಿಜಾರಿನಲ್ಲಿ ಹರಡಿದಾಗ ಮೇಲಂಚು ಗಿಡದ ಕಡ್ಡಿಗಳಿಗೆ ಸಿಕ್ಕಿಕೊಂಡು, ಕೆಳಗಂಚು ಭಾರಕ್ಕೆ ಓರೆಯಾಗಿ ಜಾರುತ್ತಿತ್ತು. ಗಂಜಿ ಆ ಓರೆಯನ್ನು ಹಾಗೇ ಹಿಡಿದು ಗಟ್ಟಿಮಾಡುತ್ತಿತ್ತು. ಸಿವಗಾಮಿ ಅದನ್ನು ನೇರವೆಂದು ನಂಬಿ ಕತ್ತರಿಸಿ ಹೊಲಿದಿದ್ದಳು. ಲಾಂಡ್ರಿಯ ಬಿಸಿನೀರಿಗೆ ಗಂಜಿ ಕರಗಿತು, ಬಟ್ಟೆ ತನ್ನ ನಿಜವಾದ ಆಕಾರಕ್ಕೆ ಮರಳಿತು, ಮೇಲಿನೆರಡು ಪದರಗಳನ್ನೂ ತನ್ನ ಜೊತೆ ಎಳೆದುಕೊಂಡಿತು.

ಕಾರಣ ಸಿಕ್ಕಿದ್ದು ಸುಲಭ. ಅದನ್ನು ಮಾದಮ್ಮನವರಿಗೆ ಹೇಳುವುದಿತ್ತಲ್ಲ, ಅದೇ ಕಷ್ಟ.

“ಮಾಮಿ, ಇದಕ ಗಂಜಿ ಬೇಡ,” ಎಂದೆ, ಆದಷ್ಟು ಮೆತ್ತಗೆ.

“ಗಂಜಿ ಬೇಡವಾ? ಬೆಳ್ಳೆ ಬಟ್ಟೆಗ ಗಂಜಿ ಹಾಕದೆ ಕೊಡುವ ಬುದ್ಧಿ ನಂಗಳ ಹಟ್ಟಿಲಿ ಯಾರಿಗೂ ಇಲ್ಲೆ! ಹೋಟೆಲುಕಾರ ನೋಡಿ ನಗಬೇಕಾ?”

ತಿರುಚಿದ ಕೌದಿಯನ್ನು ಚೀಲದಿಂದ ತೆಗೆದು ಜಗಲಿಯ ಮೇಲೆ ಹಾಸಿದೆ. ಮಾದಮ್ಮ ನೋಡಿದರು. ಸಿವಗಾಮಿಯೂ ನೋಡಿದಳು. ಅವಳ ಮುಖ ಸಪ್ಪಗಾಯಿತು. ಒಳಗೆ ಹೋಗಿ ಕತ್ತರಿ ತಂದು ಹೊಲಿಗೆ ಬಿಚ್ಚತೊಡಗಿದಳು. ಬಿಚ್ಚುತ್ತ ಬಿಚ್ಚುತ್ತ ಕೆಮ್ಮಿದಳು. ಆ ಕೆಮ್ಮು ಕೇಳಿದ ಮೇಲೆ ಮಾದಮ್ಮನವರ ದನಿ ಇಳಿಯಿತು.

“ಹಾಗಾರ ಏನ ಮಾಡದು, ಹೇಳು,” ಎಂದರು.

ಅಂದೇ ಜಗಲಿಯ ಮೇಲೆ ಮೂವರೂ ಕೂತು ಹೊಸ ಕ್ರಮ ಮಾಡಿದೆವು. ಬೆಡ್‌ಶೀಟಿನ ಗಂಜಿಯನ್ನೆಲ್ಲ ಬಿಸಿನೀರಿನಲ್ಲಿ ತೆಗೆಯುವುದು. ಗಿಡದ ಮೇಲೆ ಹರಡದೆ ಹಗ್ಗದ ಮೇಲೆ ನಡುವಿಗೆ ಮಡಚಿ ಹಾಕುವುದು, ಜಗ್ಗುವುದು ಬೇಡ. ಒಣಗಿದ ಮೇಲೆ ಮಡಚಿ ಹೊಲಿದಿದ್ದ ಅಂಚುಗಳನ್ನು ಬಿಚ್ಚಿ, ಕತ್ತರಿಸುವ ಬದಲು ಒಂದು ಕಚ್ಚು ಹಾಕಿ ಕೈಯಿಂದ ಹರಿಯುವುದು. ಹತ್ತಿ ಬಟ್ಟೆ ಯಾವಾಗಲೂ ತನ್ನ ಎಳೆಯ ಗುಂಟ ಹರಿಯುತ್ತದೆ. ಹಾಗೆ ಸಿಕ್ಕ ಅಂಚನ್ನು ನಂಬಬಹುದು.

ಮಾದಮ್ಮ ಗಂಜಿಯ ಪಾತ್ರೆಯನ್ನು ಮಾತ್ರ ಬಿಡಲಿಲ್ಲ. ಒಂದು ಹೂಬಟ್ಟೆಯ ತುಂಡನ್ನು ಅದರಲ್ಲಿ ಅದ್ದಿ, ಇಸ್ತ್ರಿ ಹಾಕಿ, ಅಂಚು ಮಡಚಿ ಸಿವಗಾಮಿಯ ಕೈಗಿಟ್ಟರು. ಮಡಿಕೆ ಚಾಕುವಿನಂತೆ ನೇರವಾಗಿ ನಿಂತಿತು. ಕಲೆ ಮುಚ್ಚುವ ತೇಪೆಗಳ ಎಲೆ ತುದಿಯನ್ನು ಚೂಪಾಗಿ ಮಡಚಲು ಸಿವಗಾಮಿ ಒದ್ದಾಡುತ್ತಿದ್ದದ್ದು ಅತ್ತೆಗೆ ಗೊತ್ತಿತ್ತು. ಗಂಜಿ ಇರಬೇಕಾದ ಜಾಗ ಅದು. ತುಂಡು ಚಿಕ್ಕದು, ಓರೆಯಾಗುವ ಭಯವಿಲ್ಲ. ಆಮೇಲೆ ಗಂಜಿ ಕರಗಿ ಹೋದರೂ ಹೊಲಿಗೆ ಹಿಡಿದಿರುತ್ತದೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಮಾದಮ್ಮನವರನ್ನು ತಬ್ಬಿಕೊಂಡೇಬಿಟ್ಟೆ. ಅವರು ಗಂಜಿಯ ಕೈಯಿಂದಲೇ ನನ್ನನ್ನು ದೂರ ತಳ್ಳಿದರು.

ವರ್ಗೀಸ್ ಸರ್ ಬಳಿ ಇನ್ನೊಂದು ವಾರದ ಗಡುವನ್ನು ಕಾಡಿ ಬೇಡಿ ಪಡೆದೆ. ಎರಡನೆಯ ಕೌದಿ ಬಂದ ದಿನ ಸಿವಗಾಮಿಯನ್ನೂ ಕರೆಸಿದ್ದೆ. ಈ ಸಲ ಅದು ಹಲಗೆಯಂತೆ ನಿಲ್ಲಲಿಲ್ಲ, ಮೆತ್ತಗೆ ತೋಳಿನ ಮೇಲೆ ಬಿತ್ತು. ವರ್ಗೀಸ್ ಸರ್ ಕೈಯಾಡಿಸಿ ಹುಬ್ಬು ಗಂಟಿಕ್ಕಿದರು. “ಹಿಂದಿನದೇ ನೋಡಲು ಚೆನ್ನಾಗಿತ್ತು,” ಎಂದರು. “ಒಗೆದ ಮೇಲೆ ನೋಡಿ ಸರ್,” ಎಂದೆ.

ಲಾಂಡ್ರಿಯ ಯಂತ್ರ ತಿರುಗುತ್ತಿರುವಷ್ಟು ಹೊತ್ತೂ ಸಿವಗಾಮಿ ಅದರ ಗಾಜಿನ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಡ್ರೈಯರ್‌ನಿಂದ ತೆಗೆದ ಬಿಸಿ ಕೌದಿಯನ್ನು ಮೇಜಿನ ಮೇಲೆ ಹಾಸಿ ಮೂಲೆಗೆ ಮೂಲೆ ಮಡಚಿದೆ. ಸರಿಯಾಗಿ ಕೂತಿತು. ಇನ್ನೊಮ್ಮೆ ಮಡಚಿದೆ. ಮತ್ತೂ ಸರಿ. ವರ್ಗೀಸ್ ಸರ್ ಅದನ್ನೆತ್ತಿ ತಾವೇ ಯಂತ್ರಕ್ಕೆ ಹಾಕಿದರು, ಇನ್ನೂ ಬಿಸಿಯಾದ ನೀರಿಗೆ. ಆಗಲೂ ಮೂಲೆಗಳು ಕದಲಲಿಲ್ಲ. ಸುಕ್ಕಿಲ್ಲ, ಬಾಲವಿಲ್ಲ.

“ಇವತ್ತು ನಾನೇ ಹೊದ್ದು ನೋಡುತ್ತೇನೆ,” ಎಂದು ಕೌದಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟುಬಿಟ್ಟರು.

ಮರುದಿನ ಹುಲ್ಲಿನ ಮೇಲೆಲ್ಲ ಹಿಮ ಬಿದ್ದಿತ್ತು. ಬೆಳಗಿನ ಮೀಟಿಂಗಿಗೆ ನಾವೆಲ್ಲ ಬಂದು ಕೂತಿದ್ದೆವು, ವರ್ಗೀಸ್ ಸರ್ ಇಲ್ಲ. ತಡವಾಗಿ ಬಂದವರನ್ನು ಬಾಗಿಲಲ್ಲೇ ಬೈಯುವ ಮನುಷ್ಯ ಅಂದು ತಾವೇ ತಡವಾಗಿ, ನಿದ್ದೆಗಣ್ಣಲ್ಲಿ ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ನನ್ನತ್ತ ನೋಡಿ, “ಕೊಯಮತ್ತೂರು ಬೇಡ. ನಿಮ್ಮ ಹುಬ್ಬತಲೈಗೇ ಹೇಳಿ,” ಎಂದರು. ನಾನು ಮೇಜು ಗುದ್ದಿ ನಕ್ಕೆ. ಮೀಟಿಂಗಿನಲ್ಲಿ ಹಾಗೆ ನಗಬಾರದು, ಆದರೂ ನಕ್ಕೆ.

ಸಿವಗಾಮಿಗೆ ಫೋನ್ ಮಾಡಿದೆ. ಸುದ್ದಿ ಕೇಳಿದ್ದೇ ಅವಳು ಜೋರಾಗಿ, ಮನೆಯವರಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು: “ಮಾಮೀ, ಫ್ಯಾಕ್ಟರಿಗ ನಾ ಹೋಪದು ಇಲ್ಲೆ!”

ಆ ಚಳಿಗಾಲದಲ್ಲಿ ಅವಳ ಜೊತೆ ಪಕ್ಕದ ಮನೆಗಳ ಹೆಂಗಸರೂ ಹೊಲಿಗೆಗೆ ಕೂತರು. ಕೋಣೆಗಳಿಗೆಲ್ಲ ಕೌದಿ ಬಂತು. ನನ್ನ ವಿಭಾಗದ ಹುಡುಗಿಯರು ಹೂಬಟ್ಟೆ ಮೇಲೆ ಕಾಣುವಂತೆ ನೀಟಾಗಿ ಹಾಸಿ ಬರುತ್ತಿದ್ದರು, ಬೆಳಿಗ್ಗೆ ಹೋಗಿ ನೋಡಿದರೆ ಎಷ್ಟೋ ಕೋಣೆಗಳಲ್ಲಿ ಅದು ಮಗುಚಿರುತ್ತಿತ್ತು. ಅತಿಥಿಗಳಿಗೆ ಇಷ್ಟವಾದದ್ದು ಅಡಿಬಟ್ಟೆ. ಬಿಳಿಯ ನಡುವೆ ಅಲ್ಲೊಂದು ಇಲ್ಲೊಂದು ಎಲೆ, ಒಂದು ಕೌದಿಯಲ್ಲಿದ್ದ ಹಾಗೆ ಇನ್ನೊಂದರಲ್ಲಿಲ್ಲ. ಕೈತುಂಬ ಮೆಹಂದಿ ಇದ್ದ ಒಬ್ಬ ಹುಡುಗಿ, ಈ ಎಲೆಗಳನ್ನು ಯಾವ ಲೆಕ್ಕದಲ್ಲಿ ಹೊಲಿಯುತ್ತೀರಿ ಎಂದು ನನ್ನನ್ನೇ ಕೇಳಿದಳು. ನಿಜ ಹೇಳಿದೆ. ಅವಳು ತನ್ನ ಅಂಗೈ ನೋಡಿಕೊಂಡು, ಗಂಡನ ಮುಖ ನೋಡಿ, ನಗು ತಡೆಯಲಾರದೆ ಕೌದಿಯಲ್ಲಿ ಮುಖ ಮುಚ್ಚಿಕೊಂಡಳು.

ವರ್ಗೀಸ್ ಸರ್ ಒಂದು ದಿನ ಕೋಣೆಗಳ ತಪಾಸಣೆಗೆ ಬಂದವರು ಮಂಚದ ಮುಂದೆ ನಿಂತು, “ಮೇಡಂ, ಇನ್ನು ಮೇಲೆ ಈ ಬದಿ ಮೇಲೆ ಬರುವ ಹಾಗೆ ಹಾಸಿಸಿ,” ಎಂದರು. ಬೆಡ್‌ಶೀಟಿನ ಬದಿಗೆ ಬೆರಳು ತೋರಿಸುತ್ತಿದ್ದರು.

ಕಂಡೆಮ್ ಮುದ್ರೆ ಒತ್ತುವುದು ನನ್ನ ಕೆಲಸವಾಗಿತ್ತು. ಅಲ್ಲಿಂದಾಚೆ, ನಿವೃತ್ತಿಯಾಗುವವರೆಗೂ, ಯಾವ ಬಟ್ಟೆಯನ್ನೂ ಬೆಳಕಿಗೆ ಹಿಡಿದು ಎಳೆ ನೋಡದೆ ಮುದ್ರೆ ಒತ್ತಲಿಲ್ಲ. ಕಲೆ ನೋಡಿ ಬಟ್ಟೆಯ ಆಯುಷ್ಯ ಹೇಳಬಾರದು, ಹೊಸದರಲ್ಲಿ ಗಟ್ಟಿಯಾಗಿ ಕಂಡದ್ದನ್ನು ನಂಬಲೂ ಬಾರದು. ಒಗೆದು ನೋಡಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಿವೃತ್ತಿಯ ದಿನ ಸಿವಗಾಮಿ ಕೊಟ್ಟ ಕೌದಿ ಈಗ ನನ್ನ ಮಂಚದ ಮೇಲಿದೆ, ಬಿಳಿ ಬದಿ ಮೇಲಾಗಿ. ಅದರ ಮೂಲೆಯಲ್ಲಿ ನಾನೇ ಒತ್ತಿದ್ದ ಕಂಡೆಮ್ ಮುದ್ರೆಯನ್ನು ಅವಳು ತೇಪೆ ಹಾಕಿ ಮುಚ್ಚಿಲ್ಲ. ಸುತ್ತಲೂ ಕೆಂಪು ದಾರದಲ್ಲಿ ಒಂದು ಸಾಲು ಹೊಲಿಗೆ ಹಾಕಿ, ಎಲ್ಲರಿಗೂ ಕಾಣುವ ಹಾಗೆ ಬಿಟ್ಟಿದ್ದಾಳೆ.