ಪೂಜೆಗಿಟ್ಟ ಪಟ್ಟಿ

ದೇವನಹಳ್ಳಿಯಲ್ಲಿ ವಿಮಾನಗಳು ಇಳಿಯತೊಡಗಿದ ಹೊಸತು. ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಸರ್ವರ್ ನೋಡಿಕೊಳ್ಳುತ್ತಿದ್ದೆ. ಅಲ್ಲಿ ತಯಾರಾಗುತ್ತಿದ್ದುದು ಬೈಕಿನ ಬ್ರೇಕಿನ ಬಿಡಿಭಾಗಗಳು. ಸರ್ವರ್ ರೂಮ್ ಎಂದು ದೊಡ್ಡದಾಗಿ ಹೇಳಿಕೊಳ್ಳುತ್ತಿದ್ದುದು ಸ್ಟೋರಿನ ಪಕ್ಕದ ಒಂದು ಗೂಡು: ಒಂದು ಎ.ಸಿ., ಒಂದು ಕುರ್ಚಿ. ಆ ಗೂಡಿಗೆ ನಾನೇ ಯಜಮಾನ ಎಂಬ ಜಂಬ ಮಾತ್ರ ನನಗೆ ಬೇಕಾದಷ್ಟಿತ್ತು.

ತಯಾರಾದ ಮಾಲನ್ನು ತಪಾಸಣೆಯವರು ಅಳೆದು ನೋಡಿ, ತಮ್ಮ ಪಾಸ್‌ವರ್ಡ್ ಹಾಕಿ, ಕಂಪ್ಯೂಟರಿನಲ್ಲಿ ಸರಿಯಿದೆ ಎಂದು ಒತ್ತಿದರೆ ಮಾತ್ರ ಲಾರಿ ಹತ್ತುತ್ತಿತ್ತು. ಹಾಗೆ ಒತ್ತುವವರಲ್ಲಿ ಒಬ್ಬ ಹೆಂಗಸಿದ್ದರು. ಹೊಲ ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ಕೆಲಸಕ್ಕೆ ಸೇರಿದವರು. ವಯಸ್ಸಿನಲ್ಲಿ ದೊಡ್ಡವರಾದ್ದರಿಂದ ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮಾಲನ್ನು ಕೈಯಲ್ಲಿ ಹಿಡಿದೇ ದೋಷ ಹೇಳುವಷ್ಟು ಪಳಗಿದ್ದರು. ಕೀಬೋರ್ಡಿನ ಮುಂದೆ ಮಾತ್ರ ಪಾಸ್‌ವರ್ಡಿನ ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಂಡು ಒತ್ತುತ್ತಿದ್ದರು.

"ಅಕ್ಕ, ಊರಿಗೆಲ್ಲ ಡಂಗುರ ಹೊಡೀತಿದೀರಲ್ಲ!" ಎಂದು ನಾನು ರೇಗಿಸಿದರೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಆ ವರ್ಷ ಎಲ್ಲರ ಪಾಸ್‌ವರ್ಡನ್ನೂ ಬದಲಾಯಿಸಬೇಕೆಂದು ಮೇಲಿನಿಂದ ಆದೇಶ ಬಂತು. ಸರಿಯಾದ ಕ್ರಮ ನನಗೆ ಗೊತ್ತಿತ್ತು. ತಾತ್ಕಾಲಿಕವಾಗಿ ಒಂದನ್ನು ಕೊಟ್ಟು, ಮೊದಲ ಸಲ ಒಳಗೆ ಹೋದ ಕೂಡಲೇ ಅವರವರೇ ಹೊಸದನ್ನು ಇಟ್ಟುಕೊಳ್ಳುವಂತೆ ಸರ್ವರಿನಲ್ಲಿ ಒಂದು ಟಿಕ್ ಹಾಕಬೇಕು. ಆಮೇಲೆ ಅದು ನನಗೂ ತಿಳಿಯಬಾರದು. ಹಿಂದಿನ ಸಲ ಹಾಗೆ ಮಾಡಿದಾಗ ಅರ್ಧ ಕಾರ್ಖಾನೆ ಹೊಸದನ್ನು ಮರೆತು ನನ್ನ ಪ್ರಾಣ ತಿಂದಿತ್ತು. ಈ ಸಲ ಟಿಕ್ ಹಾಕಲಿಲ್ಲ. ಸೋಮಾರಿತನ, ಬೇರೇನೂ ಅಲ್ಲ. ಎಲ್ಲರಿಗೂ ನಾನೇ ಒಂದೊಂದು ಹೊಂದಿಸಿ, ಹೆಸರಿನ ಪಕ್ಕ ಬರೆದು, ಪಟ್ಟಿಯನ್ನು ಪ್ರಿಂಟ್ ತೆಗೆದೆ.

ಮಾರನೆಯ ದಿನ ಆಯುಧಪೂಜೆ.

"ಹೊಸ್ದು ಏನೇ ಇದ್ರೂ ಪೂಜೆಗಿಟ್ಟು ಆಮೇಲೆ ಹಂಚು ಗುರು," ಎಂದರು ಮ್ಯಾನೇಜರು. ನನಗೂ ಅದು ಸರಿ ಎನಿಸಿತು. ಸರ್ವರ್ ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ, ಅದರ ಮುಂದೆ ಪಟ್ಟಿಯನ್ನು ಬಿಡಿಸಿಟ್ಟು, ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿದೆ. ಕಡಲೆಪುರಿಗೆಂದು ಇಡೀ ಕಾರ್ಖಾನೆ ಆ ಗೂಡಿನೊಳಗೆ ಬಂದು ಹೋಯಿತು. ಬಗ್ಗಿ ಕೈ ಮುಗಿದವರಿಗೆಲ್ಲ ಪಟ್ಟಿ ಕಾಣುತ್ತಿತ್ತು. ಅಕ್ಕ ಮಾತ್ರ ಕಣ್ಣು ಮುಚ್ಚಿಯೇ ಕೈ ಮುಗಿದರು. ಮಧ್ಯಾಹ್ನ ನಾನು ಅದನ್ನು ಸಾಲು ಸಾಲಾಗಿ ಕತ್ತರಿಸಿ, ಕವರಿಗೆ ಹಾಕಿ, ಗೋಂದು ಅಂಟಿಸಿ, ಸಹಿ ಪಡೆದು ಹಂಚಿದೆ. ಅಕ್ಕ ಕವರನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡರು.

ಮೂರು ವಾರಕ್ಕೆ ಒಂದು ಲೋಡು ಮಾಲು ವಾಪಸ್ ಬಂತು. ತುಂಬ ಬಿರುಕು. ಅಳೆಯದೆಯೇ ಯಾರೋ ಸರಿಯಿದೆ ಎಂದು ಒತ್ತಿ ಕಳಿಸಿದ್ದರು. ಕಂಪ್ಯೂಟರಿನಲ್ಲಿದ್ದುದು ಅಕ್ಕನ ಹೆಸರು, ಹೊತ್ತು ಅವರು ಊಟಕ್ಕೆ ಹೋಗಿದ್ದ ಹೊತ್ತು.

"ನಾನ್ ಒತ್ತಿಲ್ಲ ಸಾರ್, ಆ ಮಾಲ್ ನನ್ ಕೈಗೇ ಬಂದಿಲ್ಲ," ಎಂದು ಅವರು ವಿಚಾರಣೆಯಲ್ಲಿ ಅತ್ತರು.

ಹಾಗಾದರೆ ಪಾಸ್‌ವರ್ಡ್ ಇನ್ಯಾರಿಗೆ ಗೊತ್ತಿತ್ತು ಎಂದು ವಿಚಾರಣೆಗೆ ಕೂತಿದ್ದವರು ನನ್ನನ್ನು ಕೇಳಿದರು. ಮ್ಯಾನೇಜರು ಮೇಜನ್ನೇ ನೋಡುತ್ತ ಕೂತಿದ್ದರು. ಪಟ್ಟಿಯ ವಿಷಯ ನನ್ನ ನಾಲಗೆಯ ತುದಿಯವರೆಗೂ ಬಂತು. ಹೇಳಿದ್ದರೆ ಹೋಗುತ್ತಿದ್ದುದು ನನ್ನ ಕೆಲಸ.

"ಅಂಟಿಸಿದ ಕವರಿನಲ್ಲಿ ಅವರ ಕೈಗೇ ಕೊಟ್ಟಿದ್ದೇನೆ, ಸಹಿ ಇದೆ," ಎಂದೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಅಷ್ಟು ಹೊಲಸಾದ ಮಾತನ್ನು ನಾನು ಮತ್ತೆಂದೂ ಆಡಿಲ್ಲ.

ಪಾಸ್‌ವರ್ಡನ್ನು ಬೇರೆಯವರಿಗೆ ಬಿಟ್ಟುಕೊಟ್ಟರೆಂದು ಅಕ್ಕನನ್ನು ಕೆಲಸದಿಂದ ತೆಗೆದರು. ಒತ್ತಿದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಅವತ್ತು ಸಂಜೆ ಅಕ್ಕ ಬಸ್ ಸ್ಟಾಪಿನಲ್ಲಿ ಟಿಫನ್ ಡಬ್ಬಿ, ಕಾರ್ಖಾನೆಯೊಳಗೆ ಹಾಕಿಕೊಳ್ಳುತ್ತಿದ್ದ ಒಂದು ಜೊತೆ ಚಪ್ಪಲಿ ಹಿಡಿದು ಒಬ್ಬರೇ ನಿಂತಿದ್ದರು. ನೋಡದವನಂತೆ ಹೋಗಬೇಕೆಂದಿದ್ದೆ. ಅವರೇ ಕೂಗಿದರು.

"ನೀನ್ಯಾಕಪ್ಪಾ ಮುಖ ಸಣ್ಣಗ್ ಮಾಡ್ಕಂಡಿದೀಯಾ? ನಿನ್ ಕೆಲ್ಸ ನೀನ್ ಸರಿಯಾಗೇ ಮಾಡಿದ್ದೆ. ನನ್ ಬಾಯೇ ಸರಿ ಇಲ್ಲ. ಒತ್ತೋವಾಗ ಯಾರೋ ಕೇಳುಸ್ಕಂಡವ್ರೆ. ನೀನು ಅವತ್ತೇ ಹೇಳಿದ್ದೆ, ನಾನ್ ಕಿವೀಗ್ ಹಾಕ್ಕಳಿಲ್ಲ."

"ಬಸ್ ಬಂತು ಅಕ್ಕ," ಎಂದೆ.